ಬಿಟ್ಟವರ ಲೆಕ್ಕ, ಬಂದವರ ಲೆಕ್ಕ

ಬೆಂಗಳೂರಿನ ವಿಜಯನಗರದಲ್ಲಿ ಆರ್‌ಸಿಬಿ ಸೀಸನ್ ಶುರುವಾಗುವುದು ಮಾರ್ಚ್‌ನಲ್ಲಲ್ಲ, ನವೆಂಬರ್‌ನಲ್ಲಿ. ಯಾರನ್ನು ಉಳಿಸಿಕೊಂಡೆವು, ಯಾರನ್ನು ಬಿಟ್ಟೆವು ಅಂತ ಐಪಿಎಲ್ ತಂಡಗಳು ಪಟ್ಟಿ ಕೊಡುವ ತಿಂಗಳು ಅದು. ಮೈದಾನದಲ್ಲಿ ಒಂದು ಚೆಂಡೂ ಬಿದ್ದಿರುವುದಿಲ್ಲ. ಆದರೂ ಮಾರುತಿ ಮಂದಿರದ ಆಸುಪಾಸಿನ ದರ್ಶಿನಿಗಳ ಮುಂದೆ ಬೈಟು ಕಾಫಿ ಹಿಡಿದು ನಿಂತವರ ಬಾಯಿಗೆ ಬಿಡುವಿರುವುದಿಲ್ಲ. 2025ರ ನವೆಂಬರ್‌ನಲ್ಲಿ ಪಟ್ಟಿ ಹೊರಬಿದ್ದಾಗ ನಡೆದ ಮಾತಿನ ಒಂದು ತುಣುಕು:

‘ಲಿವಿಂಗ್‌ಸ್ಟನ್‌ನ ಬಿಟ್ರಂತೆ ಗುರು.’

‘ಬಿಡ್ಲಿ ಬಿಡು. ಎಂಟೂ ಮುಕ್ಕಾಲು ಕೋಟಿ ಉಳೀತು.’

‘ಮಯಾಂಕ್‌ನೂ ಬಿಟ್ಟವ್ರೆ.’

‘ಅದು ತಪ್ಪು ಮಗಾ. ಫೈನಲ್ ಆಡಿದ ನಮ್ ಹುಡುಗ ಅವ್ನು.’

ಪಕ್ಕದಲ್ಲಿ ಸೊಪ್ಪಿನ ಚೀಲ ಹಿಡಿದು ನಿಂತಿದ್ದ ಹಿರಿಯರಿಗೆ ಸುಮ್ಮನಿರಲಾಗಲಿಲ್ಲ. ‘ನಮ್ಮೋರು ಅಂತ ಇಟ್ಕೊಂಡ್ರೆ ಕಪ್ ಬರುತ್ತೇನ್ರಪ್ಪಾ? ಬೌಲಿಂಗ್ ನೋಡ್ಬೇಕು, ಬೌಲಿಂಗ್.’

‘ಅದಕ್ಕೇ ಅಲ್ವಾ ಅಂಕಲ್ ಈ ಸಲ ಬಂದಿದ್ದು!’

ದುಡ್ಡು, ನಮ್ಮ ಹುಡುಗ, ಬೌಲಿಂಗ್. 2008ರಿಂದ ಈ ತಂಡದ ಬಗ್ಗೆ ನಡೆದ ಹರಟೆಯೆಲ್ಲ ಸುತ್ತುವುದು ಈ ಮೂರರ ಸುತ್ತಲೇ. ನನ್ನ ಅಂದಾಜಿನಲ್ಲಿ ಬೀದಿ ಬದಿಯ ಈ ಆಯ್ಕೆ ಸಮಿತಿ ಬೌಲಿಂಗ್ ವಿಷಯದಲ್ಲಿ ಮೊದಲಿಂದಲೂ ಸರಿ. ನಮ್ಮ ಹುಡುಗರ ವಿಷಯದಲ್ಲಿ ಮಾತ್ರ ಹೃದಯದ ಮಾತು ಕೇಳಿದ್ದೇ ಹೆಚ್ಚು. ಕೊನೆಗೆ ಕಪ್ ಬಂದದ್ದು ಬೌಲಿಂಗ್‌ನ ಬೇಡಿಕೆ ಈಡೇರಿ, ನಮ್ಮ ಹುಡುಗರ ಬೇಡಿಕೆ ತಿರಸ್ಕೃತವಾದ ವರ್ಷ.

ಬಿಡುವುದು, ಕೊಳ್ಳುವುದಲ್ಲದೆ ತಂಡಗಳು ಆಟಗಾರರನ್ನು ಅದಲುಬದಲು ಮಾಡುವುದೂ ಉಂಟು. ಈ ಪದ್ಧತಿ ಅಮೆರಿಕದ ಬೇಸ್‌ಬಾಲ್‌ನಲ್ಲಿ ಬಹಳ ಹಳೆಯದು. ಬಾಸ್ಟನ್ ರೆಡ್ ಸಾಕ್ಸ್ ತಂಡ 1919ರ ಕೊನೆಯಲ್ಲಿ ಬೇಬ್ ರೂತ್ ಎಂಬ ದೈತ್ಯನನ್ನು ನ್ಯೂಯಾರ್ಕ್ ಯಾಂಕೀಸ್‌ಗೆ ಮಾರಿತು. 1918ರಲ್ಲಿ ಚಾಂಪಿಯನ್ ಆಗಿದ್ದ ಬಾಸ್ಟನ್‌ಗೆ ಮತ್ತೆ ಆ ಪಟ್ಟ ಸಿಕ್ಕಿದ್ದು 2004ರಲ್ಲಿ. ನಡುವಿನ 86 ವರ್ಷವನ್ನು ಅಲ್ಲಿನ ಅಭಿಮಾನಿಗಳು ರೂತ್‌ನ ಶಾಪ ಅಂತಲೇ ಕರೆದರು. ಹದಿನೇಳು ಸೀಸನ್‌ಗೇ ಸುಸ್ತಾದ ನಮ್ಮವರು ಈ ಕಥೆ ಕೇಳಬೇಕು. ಐಪಿಎಲ್‌ನಲ್ಲಿ ಇಂಥ ಟ್ರೇಡ್‌ಗೆ ಗೊತ್ತಾದ ಅವಧಿಯುಂಟು: ಸೀಸನ್ ಮುಗಿದ ಮೇಲೆ ಬಾಗಿಲು ತೆರೆದು ಹರಾಜಿಗೆ ವಾರ ಇರುವಾಗ ಮುಚ್ಚುತ್ತದೆ, ಹರಾಜಾದ ಮೇಲೆ ಮತ್ತೊಮ್ಮೆ ತೆರೆಯುತ್ತದೆ. ಆಟಗಾರನಿಗೆ ಆಟಗಾರನನ್ನು ಕೊಡಬಹುದು, ಬರೀ ದುಡ್ಡಿಗೂ ಬಿಡಬಹುದು. ಆದರೆ ಆ ಆಟಗಾರ ಒಪ್ಪಬೇಕು, ಕ್ರಿಕೆಟ್ ಮಂಡಳಿಯೂ ಹ್ಞೂಂ ಅನ್ನಬೇಕು.

ಆರ್‌ಸಿಬಿ ಈ ಬಾಗಿಲಲ್ಲಿ ಮೊದಲು ಕಾಲಿಟ್ಟಿದ್ದು 2009ರಲ್ಲಿ. ಮುಂಬೈಯಿಂದ ರಾಬಿನ್ ಉತ್ತಪ್ಪ ಬಂದರು, ಇಲ್ಲಿಂದ ಜಹೀರ್ ಖಾನ್ ಹೋದರು. ನಮ್ಮ ಹುಡುಗ ಮನೆಗೆ ಬಂದನೆಂದು ಊರು ಹಿಗ್ಗಿತು. ಲೆಕ್ಕ ಬಿಡಿಸಿ ನೋಡಿದರೆ ಬ್ಯಾಟ್ಸ್‌ಮನ್ ಒಬ್ಬ ಒಳಬಂದ, ದೇಶದ ಮುಂಚೂಣಿ ಬೌಲರ್ ಹೊರಹೋದ. ಮುಂದಿನ ಹದಿನೈದು ವರ್ಷದ ರೋಗಲಕ್ಷಣ ಅಲ್ಲೇ ಇತ್ತು. 2011ರಲ್ಲಿ ಕ್ರಿಸ್ ಗೇಲ್ ಬಂದದ್ದೂ ಗಾಯಗೊಂಡ ಬೌಲರ್ ಡರ್ಕ್ ನ್ಯಾನೆಸ್ ಜಾಗಕ್ಕೆ. 608 ರನ್ ಸಿಡಿಸಿ ಆರೆಂಜ್ ಕ್ಯಾಪ್ ಗೆದ್ದ ಗೇಲ್ ಬೇಡವಾಗಿತ್ತು ಅನ್ನುವ ಧೈರ್ಯ ಯಾರಿಗಿದೆ? ಆ ವರ್ಷದ ಫೈನಲ್‌ನಲ್ಲಿ ಮಾತ್ರ ಚೆನ್ನೈ 205 ಹೊಡೆಯಿತು, ಗೇಲ್ ಸೊನ್ನೆಗೆ ಔಟಾದರು, ನಾವು 58 ರನ್ನಿಂದ ಸೋತೆವು.

ನ್ಯಾಯವಾಗಿ ಒಂದು ಮಾತು ಸೇರಿಸಬೇಕು. 2009ರ ಜೊಹಾನ್ಸ್‌ಬರ್ಗ್ ಫೈನಲ್‌ನಲ್ಲಿ ಕೈಕೊಟ್ಟಿದ್ದು ಬ್ಯಾಟಿಂಗ್. ಅನಿಲ್ ಕುಂಬ್ಳೆ 16 ರನ್‌ಗೆ 4 ವಿಕೆಟ್ ಕಿತ್ತು ಡೆಕ್ಕನ್ ಚಾರ್ಜರ್ಸ್ ತಂಡವನ್ನು 143ಕ್ಕೆ ಕಟ್ಟಿಹಾಕಿದ್ದರು. ನಾವು 137ಕ್ಕೆ ನಿಂತೆವು. ವಾದ ಬಿಸಿಯೇರಿದಾಗ ಇದನ್ನು ಯಾರೂ ಎತ್ತುವುದಿಲ್ಲ.

2016ರದ್ದು ಬೇರೆಯೇ ನೋವು. ಆ ಏಪ್ರಿಲ್ ಕೊನೆಯಲ್ಲಿ ಮೆಟ್ರೊದ ಸುರಂಗ ಮಾರ್ಗ ತೆರೆದು, ವಿಜಯನಗರದಲ್ಲಿ ಹತ್ತಿದವರು ಹೊಸಹಳ್ಳಿ, ಮಾಗಡಿ ರಸ್ತೆ, ಮೆಜೆಸ್ಟಿಕ್ ದಾಟಿ ಏಳನೇ ನಿಲ್ದಾಣವಾದ ಕಬ್ಬನ್ ಪಾರ್ಕಿನಲ್ಲಿ ಇಳಿದರೆ ಎದುರಿಗೇ ಚಿನ್ನಸ್ವಾಮಿ ಕ್ರೀಡಾಂಗಣ. ಅದೇ ಸೀಸನ್‌ನಲ್ಲಿ ವಿರಾಟ್ ಕೊಹ್ಲಿ 973 ರನ್ ಕೂಡಿಹಾಕಿದರು. ಮೇ 29ರ ಫೈನಲ್ಲೂ ಊರಲ್ಲೇ. ಎಲ್ಲ ಕೂಡಿಬಂದಿತ್ತು, ಬೌಲಿಂಗ್ ಒಂದು ಬಿಟ್ಟು. ಶೇನ್ ವಾಟ್ಸನ್‌ರ ನಾಲ್ಕು ಓವರ್‌ಗೆ 61 ರನ್ ಹೋಯಿತು. ಬೆನ್ ಕಟಿಂಗ್ 15 ಚೆಂಡಿಗೆ 39 ಚಚ್ಚಿದ. ಹೈದರಾಬಾದ್ 208. ಗೇಲ್–ಕೊಹ್ಲಿ ಮೊದಲ ವಿಕೆಟ್‌ಗೇ 114 ಸೇರಿಸಿದರೂ ನಾವು 200. ಎಂಟು ರನ್! ಆ ರಾತ್ರಿ ಪರ್ಪಲ್ ಲೈನ್‌ನಲ್ಲಿ ವಾಪಸ್ ಬಂದವರು ಇವತ್ತಿಗೂ ವಾಟ್ಸನ್ ಹೆಸರೆತ್ತಿದರೆ ಕಾಫಿ ಲೋಟ ಕೆಳಗಿಡುತ್ತಾರೆ. ಎರಡೇ ವರ್ಷದಲ್ಲಿ ಅದೇ ವಾಟ್ಸನ್ ಚೆನ್ನೈ ಪರ ಫೈನಲ್‌ನಲ್ಲಿ ಅಜೇಯ 117 ಹೊಡೆದು ಕಪ್ ಗೆಲ್ಲಿಸಿದ್ದು ಗಾಯದ ಮೇಲೆ ಉಪ್ಪು.

ಬಿಟ್ಟವರ ಪಟ್ಟಿ ಅಲ್ಲಿಂದ ಉದ್ದವಾಗುತ್ತ ಹೋಯಿತು. 2018ರ ಹರಾಜಿಗೆ ಮುಂಚೆ ಕೊಹ್ಲಿ, ಡಿವಿಲಿಯರ್ಸ್ ಜೊತೆಗೆ ಆರ್‌ಸಿಬಿ ಉಳಿಸಿಕೊಂಡದ್ದು ಸರ್ಫರಾಜ್ ಖಾನ್ ಅವರನ್ನು. ಸುರತ್ಕಲ್‌ನಲ್ಲಿ ಬೆಳೆದ ಕೆ.ಎಲ್. ರಾಹುಲ್ 11 ಕೋಟಿಗೆ ಪಂಜಾಬಿನ ಪಾಲಾಗಿ ಆ ಸೀಸನ್‌ನಲ್ಲೇ 659 ರನ್ ಗಳಿಸಿದರು. ಯುಜುವೇಂದ್ರ ಚಾಹಲ್ ಈ ತಂಡಕ್ಕೆ 139 ವಿಕೆಟ್ ಕೊಟ್ಟವರು. 2022ಕ್ಕೆ ಅವರನ್ನೂ ಬಿಟ್ಟಾಯಿತು. ರಾಜಸ್ಥಾನಕ್ಕೆ ಹೋದ ಮೊದಲ ವರ್ಷವೇ 27 ವಿಕೆಟ್, ತಲೆ ಮೇಲೆ ಪರ್ಪಲ್ ಕ್ಯಾಪ್. ಇನ್ನು 2024ರ ಏಪ್ರಿಲ್ 15ರಂದು ಹೈದರಾಬಾದ್ ನಮ್ಮ ಚಿನ್ನಸ್ವಾಮಿಯಲ್ಲೇ 287 ಬಾರಿಸಿತಲ್ಲ, ಶತಕ ಹೊಡೆದ ಟ್ರಾವಿಸ್ ಹೆಡ್, 67 ಹೊಡೆದ ಕ್ಲಾಸೆನ್ ಇಬ್ಬರೂ ಒಂದು ಕಾಲಕ್ಕೆ ನಮ್ಮ ತಂಡದಲ್ಲಿದ್ದವರೇ. ಸಾಕಿದ ಗಿಣಿ ಹದ್ದಾಗಿ ಕುಕ್ಕಿತು ಅನ್ನುವುದು ಇದಕ್ಕೇ.

ಇಷ್ಟೆಲ್ಲ ಹೊಟ್ಟೆಯುರಿ ಕಟ್ಟಿಕೊಂಡು ಕೂತಿದ್ದಾಗಲೇ 2024ರ ನವೆಂಬರ್ 24, 25ಕ್ಕೆ ಜೆಡ್ಡಾದಲ್ಲಿ ದೊಡ್ಡ ಹರಾಜು ನಡೆಯಿತು. ಬೀದಿಯ ಬೇಡಿಕೆ ಒಂದೇ: ರಾಹುಲ್‌ನ ಮನೆಗೆ ಕರ್ಕೊಂಡು ಬನ್ನಿ. ಆರ್‌ಸಿಬಿ ಸ್ವಲ್ಪ ದೂರ ಕೂಗಿ ಸುಮ್ಮನಾಯಿತು, 14 ಕೋಟಿಗೆ ರಾಹುಲ್ ದೆಹಲಿ ಸೇರಿದರು. ಸಿರಾಜ್ ಗುಜರಾತ್‌ಗೆ ಹೋದರು. ಹಿಂದಿನ ಸೀಸನ್‌ನಲ್ಲಿ 41 ಚೆಂಡಿಗೆ ನೂರು ಹೊಡೆದಿದ್ದ ವಿಲ್ ಜ್ಯಾಕ್ಸ್ ಅವರನ್ನು ಮುಂಬೈ 5.25 ಕೋಟಿಗೆ ಕೂಗಿದಾಗ ರೈಟ್ ಟು ಮ್ಯಾಚ್ ಕಾರ್ಡ್ ಎತ್ತಿ ವಾಪಸ್ ಪಡೆಯಬಹುದಿತ್ತು, ಎತ್ತಲಿಲ್ಲ. ಮುಂಬೈನ ಆಕಾಶ್ ಅಂಬಾನಿ ಎದ್ದು ಬಂದು ಆರ್‌ಸಿಬಿ ಟೇಬಲ್‌ನವರ ಕೈ ಕುಲುಕಿದ್ದನ್ನು ಟಿವಿಯಲ್ಲಿ ನೋಡಿದ ಇಲ್ಲಿನ ಹುಡುಗರು ಆಡಿದ ಮಾತನ್ನು ಅಚ್ಚು ಹಾಕುವಂತಿಲ್ಲ.

ಆದರೆ ದುಡ್ಡು ಎಲ್ಲಿಗೆ ಹೋಯಿತು ನೋಡಿ. ಹೇಜಲ್‌ವುಡ್‌ಗೆ 12.5 ಕೋಟಿ, ಭುವನೇಶ್ವರ್‌ಗೆ 10.75, ರಸಿಖ್ ದಾರ್‌ಗೆ 6, ಕೃಣಾಲ್ ಪಾಂಡ್ಯಗೆ 5.75. ಚೆಂಡು ಹಾಕುವ ಈ ನಾಲ್ವರಿಗೇ 35 ಕೋಟಿ. ಸೊಪ್ಪಿನ ಚೀಲದ ಹಿರಿಯರು ವರ್ಷಗಟ್ಟಲೆ ಹೇಳುತ್ತಿದ್ದುದನ್ನು ಯಾರೋ ಕೊನೆಗೂ ಕಿವಿಗೆ ಹಾಕಿಕೊಂಡಿದ್ದರು. ಆ ದಿನ ಮಾತ್ರ ಯಾರೂ ಇದನ್ನು ಲೆಕ್ಕಕ್ಕಿಡಲಿಲ್ಲ. ವಯಸ್ಸಾದ ಭುವಿ, ಗಾಯದ ಹೇಜಲ್‌ವುಡ್, ಇದೆಂಥ ಟೀಮು ಗುರು ಅಂದವರೇ ಜಾಸ್ತಿ.

2025ರ ಏಪ್ರಿಲ್ 10ಕ್ಕೆ ಆ ಸಿಟ್ಟು ಉರಿದೆದ್ದಿತು. ದೆಹಲಿ ಪರ ಚಿನ್ನಸ್ವಾಮಿಗೆ ಬಂದ ರಾಹುಲ್ ಅಜೇಯ 93 ಹೊಡೆದು ಪಂದ್ಯ ಕಿತ್ತುಕೊಂಡರು. ಆಮೇಲೆ ಬ್ಯಾಟಿನಿಂದ ನೆಲದ ಮೇಲೆ ವೃತ್ತ ಬರೆದು, ನಡುವೆ ಬ್ಯಾಟು ಕುಟ್ಟಿ, ಇದು ನನ್ನ ಜಾಗ ಎಂಬಂತೆ ಎದೆ ತೋರಿಸಿದರು. ‘ಕಾಂತಾರ’ದಿಂದ ಬಂದದ್ದು ಅಂತ ಅವರೇ ಹೇಳಿದರು. ಸೋತ ತಂಡದ ಜೆರ್ಸಿ ತೊಟ್ಟವರೇ ಎದ್ದು ಚಪ್ಪಾಳೆ ತಟ್ಟಿದ ವಿಚಿತ್ರ ರಾತ್ರಿ ಅದು. ಊರಿನ ತಂಡ ಯಾವುದು, ಊರಿನ ಹುಡುಗ ಯಾರು ಎಂಬ ಜಗಳ ಅಷ್ಟು ನಿಚ್ಚಳವಾಗಿ ಇನ್ನೆಂದೂ ಕಂಡಿಲ್ಲ.

ಮನೆಯಂಗಳದಲ್ಲಿ ಮೊದಲ ಮೂರೂ ಪಂದ್ಯ ಸೋತ ಆರ್‌ಸಿಬಿ ಹೊರಗಡೆ ಆಡಿದ ಏಳೂ ಲೀಗ್ ಪಂದ್ಯ ಗೆದ್ದಿತು. ಐಪಿಎಲ್‌ನಲ್ಲಿ ಹಾಗೆ ಗೆದ್ದ ಮೊದಲ ತಂಡ. ಹೇಜಲ್‌ವುಡ್ 22 ವಿಕೆಟ್ ಪಡೆದರು. ಕ್ವಾಲಿಫೈಯರ್‌ನಲ್ಲಿ ಪಂಜಾಬ್ 101ಕ್ಕೆ ಮುದುರಿತು. ಜೂನ್ 3ರ ಅಹಮದಾಬಾದ್ ಫೈನಲ್‌ನಲ್ಲಿ ನಾವು ಹೊಡೆದದ್ದು 190, ಆ ಪಿಚ್‌ಗೆ ಸಾಲದು ಅಂತ ಎಲ್ಲರೂ ಉಗುರು ಕಚ್ಚುತ್ತಿದ್ದ ಮೊತ್ತ. ಕೃಣಾಲ್ ನಾಲ್ಕು ಓವರ್‌ಗೆ 17 ರನ್ ಕೊಟ್ಟು 2 ವಿಕೆಟ್ ತೆಗೆದು ಆಟದ ಕುತ್ತಿಗೆ ಹಿಡಿದರು. ಪಂಜಾಬ್ 184. ಮೊದಲ ಫೈನಲ್ ಸೋತದ್ದು ಆರು ರನ್ನಿಂದ, ಗೆದ್ದ ಫೈನಲ್ಲೂ ಆರು ರನ್ನಿಂದ. ಅಂದು ಆಡಿದ ಹನ್ನೊಂದರಲ್ಲಿ ಕರ್ನಾಟಕದವರು ಮಯಾಂಕ್ ಅಗರ್ವಾಲ್ ಒಬ್ಬರೇ, ಅದೂ ಗಾಯಗೊಂಡ ದೇವದತ್ತ ಪಡಿಕ್ಕಲ್ ಬದಲಿಗೆ ಬಂದವರು. ನಮ್ಮದೇ ಇನ್ನೊಬ್ಬ ಹುಡುಗ, ವೈಶಾಖ್ ವಿಜಯ್‌ಕುಮಾರ್, ಎದುರಾಳಿ ಪಂಜಾಬಿಗೆ ಬೌಲಿಂಗ್ ಮಾಡುತ್ತಿದ್ದರು.

ಮರುದಿನ, ಜೂನ್ 4ರಂದು, ಚಿನ್ನಸ್ವಾಮಿ ಗೇಟುಗಳ ಹೊರಗೆ ಕಾಲ್ತುಳಿತಕ್ಕೆ ಸಿಕ್ಕಿ 11 ಜನ ಸತ್ತರು. ಮೆಟ್ರೊ ರೈಲುಗಳು ಕಬ್ಬನ್ ಪಾರ್ಕಿನಲ್ಲಿ ನಿಲ್ಲದೆ ಮುಂದೆ ಹೋದ ಸಂಜೆ ಅದು. ಹದಿನೆಂಟು ವರ್ಷ ಕಾದ ಕಪ್ಪಿನ ಮಾತು ಒಂದೇ ದಿನಕ್ಕೆ ಬಾಯಲ್ಲಿ ಕಹಿಯಾಯಿತು. ಆಟಗಾರರ ಬೆಲೆಯನ್ನು ಲಕ್ಷದ ತನಕ ಲೆಕ್ಕ ಹಾಕಬಲ್ಲ ಈ ಊರಿಗೆ ಒಂದು ಗೇಟಿನಲ್ಲಿ ಎಷ್ಟು ಜನ ಹಿಡಿಯುತ್ತಾರೆ ಎಂಬ ಲೆಕ್ಕ ಹಾಕಲು ಯಾರೂ ಸಿಗಲಿಲ್ಲ ಅನ್ನುವುದು ನನಗೆ ಇವತ್ತಿಗೂ ಅರಗದ ಸಂಗತಿ. ಈ ದುರಂತದ ನಂತರ ಆ ವರ್ಷದ ಮಹಾರಾಜ ಟ್ರೋಫಿ, ಅಂದರೆ ರಾಜ್ಯದ ಟಿ20 ಟೂರ್ನಿಯ ಪಂದ್ಯಗಳೂ ಚಿನ್ನಸ್ವಾಮಿ ಬಿಟ್ಟು ಮೈಸೂರಿಗೆ ಹೋದವು.

ಇನ್ನೊಂದು ತಕರಾರು ನನ್ನದೂ ಇದೆ. ಕಪ್ ಇರಲಿಲ್ಲ, ಇರಲಿಲ್ಲ ಅಂತ ಗೋಳಾಡುವವರು 2024ರ ಮಾರ್ಚ್ 17ನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಸ್ಮೃತಿ ಮಂದಾನ ಅವರ ಆರ್‌ಸಿಬಿ ಮಹಿಳಾ ತಂಡ ಅಂದೇ ಕಪ್ ತಂದಿತ್ತು. ಫೈನಲ್‌ನಲ್ಲಿ 12 ರನ್‌ಗೆ 4 ವಿಕೆಟ್ ಕಿತ್ತವರು ಕಲಬುರಗಿ ಮೂಲದ ಶ್ರೇಯಾಂಕಾ ಪಾಟೀಲ್. ಹಿಂದಿನ ವರ್ಷದ ಹರಾಜಿನಲ್ಲಿ ಅವರ ಬೆಲೆ 10 ಲಕ್ಷ. ನಮ್ಮ ಹುಡುಗಿ, ಬೌಲಿಂಗು, ಅಗ್ಗದ ಬೆಲೆ, ದರ್ಶಿನಿ ಸಮಿತಿ ಕೇಳುವ ಮೂರೂ ಒಟ್ಟಿಗೇ ಸಿಕ್ಕಿತ್ತಲ್ಲ ಸ್ವಾಮಿ!

ಈಗ ಮುಂದಿನ ಲೆಕ್ಕ. ಮಯಾಂಕ್, ಮನೋಜ್ ಭಾಂಡಗೆ ಇಬ್ಬರನ್ನೂ ಬಿಟ್ಟ ಮೇಲೆ ಉಳಿಸಿಕೊಂಡವರ ಪಟ್ಟಿಯಲ್ಲಿ ರಾಜ್ಯದ ಪಾಲಿಗೆ ಪಡಿಕ್ಕಲ್ ಒಬ್ಬರೇ. ಈ ಪಡಿಕ್ಕಲ್‌ರದ್ದೂ ಒಂದು ಪ್ರವಾಸ ಕಥನ. ಇಲ್ಲಿಂದ 7.75 ಕೋಟಿಗೆ ರಾಜಸ್ಥಾನ, ಅಲ್ಲಿಂದ ಆವೇಶ್ ಖಾನ್‌ಗೆ ಬದಲಾಗಿ ಲಖನೌ, ಮತ್ತೆ 2 ಕೋಟಿಗೆ ಮನೆ. ಹುಡುಗರ ಹೊಸ ಕನಸು ಪ್ರಸಿದ್ಧ್ ಕೃಷ್ಣ. 2025ರಲ್ಲಿ 25 ವಿಕೆಟ್ ತೆಗೆದು ಪರ್ಪಲ್ ಕ್ಯಾಪ್ ಗೆದ್ದ ಬೆಂಗಳೂರಿನ ಬೌಲರ್ ಗುಜರಾತ್‌ನಲ್ಲಿದ್ದಾರೆ. ‘ರಸಿಖ್‌ನ ಕೊಟ್ಟು ಮೇಲೆ ಮೂರೂವರೆ ಕೋಟಿ ಇಟ್ರೆ ಸಮ ಆಗತ್ತೆ’ ಅಂತ ಒಬ್ಬ ಬಿಲ್ಲಿನ ಹಿಂದೆ ಕೂಡಿಸಿ ಕಳೆದು ತೋರಿಸುತ್ತಾನೆ. ಬೆಲೆಯ ಮಟ್ಟಿಗೆ ಲೆಕ್ಕ ಸರಿ. ಪ್ರಸಿದ್ಧ್ ಹೋದದ್ದು 9.5 ಕೋಟಿಗೆ, ರಸಿಖ್ ಬಂದದ್ದು 6ಕ್ಕೆ. ಆದರೆ ಪರ್ಪಲ್ ಕ್ಯಾಪ್ ಗೆದ್ದವನನ್ನು ಖರೀದಿ ದರಕ್ಕೇ ಕೊಡುವಷ್ಟು ಗುಜರಾತಿನವರು ವ್ಯಾಪಾರ ಮರೆತಿದ್ದಾರೆಯೇ? ರವೀಂದ್ರ ಜಡೇಜ, ಸ್ಯಾಮ್ ಕರನ್ ಇಬ್ಬರನ್ನೂ ಕೊಟ್ಟು ಚೆನ್ನೈ ಸಂಜು ಸ್ಯಾಮ್ಸನ್ ಒಬ್ಬರನ್ನು ಪಡೆದದ್ದು 2025ರ ಅದೇ ನವೆಂಬರ್‌ನಲ್ಲಿ. ಬೇಕಾದವನ ಬೆಲೆ ಬಿಲ್ಲಿನ ಹಿಂದೆ ಬರೆಯುವಂಥದ್ದಲ್ಲ.

ಡಿಸೆಂಬರ್ 16ರ ಅಬುಧಾಬಿ ಹರಾಜಿಗೆ ಆರ್‌ಸಿಬಿ ಪರ್ಸಿನಲ್ಲಿ ಇದ್ದದ್ದು 16.4 ಕೋಟಿ. ಅಂದು ಮಂಗಳವಾರ, ಕಟಿಂಗ್ ಶಾಪ್‌ಗಳಿಗೆ ರಜೆ. ಹಾಗಾಗಿ ಅಲ್ಲಿ ನಡೆಯಬೇಕಿದ್ದ ಚರ್ಚೆಯೂ ಮೊಬೈಲ್ ರಿಪೇರಿ ಅಂಗಡಿ ಮುಂದೆ ಜಮಾಯಿಸಿತ್ತು. ಹಿಂದಿನ ಹರಾಜಿನಲ್ಲಿ ಕೋಲ್ಕತ್ತದ ಜೊತೆ ಪೈಪೋಟಿಗೆ ಬಿದ್ದು ಕೂಗಿ, 23.75 ಕೋಟಿಗೆ ಕೈತಪ್ಪಿದ್ದ ವೆಂಕಟೇಶ್ ಅಯ್ಯರ್ ಈ ಸಲ 7 ಕೋಟಿಗೆ ಬಂದಾಗ ಸಂತೆಯಲ್ಲಿ ಚೌಕಾಸಿ ಗೆದ್ದ ಖುಷಿ ಎಲ್ಲರ ಮುಖದಲ್ಲೂ. ನ್ಯೂಜಿಲೆಂಡಿನ ಜೇಕಬ್ ಡಫಿ 2 ಕೋಟಿಗೆ ಬಂದದ್ದೂ ಸರಿ ಅನ್ನಿಸಿತು. ಮಧ್ಯಪ್ರದೇಶದ ಎಡಗೈ ವೇಗಿ ಮಂಗೇಶ್ ಯಾದವ್‌ಗೆ 5.2 ಕೋಟಿ ಕೊಟ್ಟಾಗ ಮಾತ್ರ ಒಂದು ಕ್ಷಣ ಎಲ್ಲರೂ ಫೋನಿನಲ್ಲಿ ತಡಕಾಡಿದರು.

‘ಯಾರಪ್ಪಾ ಇವ್ನು?’

‘ಲೆಫ್ಟ್ ಆರ್ಮ್ ಫಾಸ್ಟ್ ಅಂತೆ. ನಮ್ ಕ್ಯಾಪ್ಟನ್ ಪಾಟಿದಾರ್ ಊರ ಕಡೆಯವ್ನು. ಇರ್ಲಿ ಬಿಡು, ಬೌಲರ್ ತಾನೆ.’

‘ಬೌಲರ್ ಸರಿ. ಆ ದುಡ್ಡಿಗೆ ನಮ್ ಹುಡುಗ ಒಬ್ನೂ ಸಿಗ್ತಿರ್ಲಿಲ್ವಾ ಅಂತ.’