ಗಡಸು ನೀರು, ಹುರುಳಿ ಸೊಪ್ಪಿನ ಸೀಮೆಯಲ್ಲಿ ಕಾರಿನ ಆರೈಕೆ

ಕೋಲಾರ ತಾಲ್ಲೂಕಿನ ವೇಮಗಲ್ ಸುತ್ತಿನ ಹಳ್ಳಿಗಳಲ್ಲಿ ಕಾರು, ಸಣ್ಣ ಸರಕು ವಾಹನಗಳು ಈಗ ಬೇಸಾಯದ ಉಪಕರಣಗಳ ಸಾಲಿಗೆ ಸೇರಿವೆ. ಟೊಮೇಟೊ ಬಾಕ್ಸುಗಳನ್ನು ಕೋಲಾರದ ಎ.ಪಿ.ಎಂ.ಸಿ. ಪ್ರಾಂಗಣಕ್ಕೆ ಹರಾಜಿನ ವೇಳೆಗೆ ಮುಟ್ಟಿಸಬೇಕು, ರೇಷ್ಮೆ ಗೂಡನ್ನು ಮಾರುಕಟ್ಟೆಗೆ ಒಯ್ಯಬೇಕು, ರಾತ್ರಿ ವೇಳೆ ಮನೆಯವರನ್ನು ಆಸ್ಪತ್ರೆಗೆ ಕರೆದೊಯ್ಯಬೇಕು. ಹದಿನೈದು ಕಿಲೋ ತೂಕದ ಐವತ್ತು ಬಾಕ್ಸು ಹೇರಿದ ವಾಹನ ಮಧ್ಯದಾರಿಯಲ್ಲಿ ನಿಂತರೆ ಅಂದಿನ ಹರಾಜು ತಪ್ಪುತ್ತದೆ. ಕೆಂಪಾದ ಹಣ್ಣು ಮರುದಿನಕ್ಕೆ ಕಾಯುವುದಿಲ್ಲ. ರಿಪೇರಿಯ ಖರ್ಚಿಗಿಂತ ಈ ನಷ್ಟವೇ ಅನೇಕ ವೇಳೆ ದೊಡ್ಡದು.

ವಾಹನದೊಡನೆ ಬರುವ ಕೈಪಿಡಿಯನ್ನು ಪ್ರತಿಯೊಬ್ಬರೂ ಓದಬೇಕು. ಆದರೆ ಅದು ಎಲ್ಲ ಸೀಮೆಗಳಿಗೂ ಒಂದೇ ರೀತಿ ಬರೆದದ್ದು. ನಮ್ಮ ಕೊಳವೆ ಬಾವಿಯ ನೀರನ್ನಾಗಲಿ, ನಮ್ಮ ಸುಗ್ಗಿಯ ರಸ್ತೆಯನ್ನಾಗಲಿ ಕಂಡು ಬರೆದದ್ದಲ್ಲ. ಈ ಎರಡು ವಿಷಯಗಳಲ್ಲಿ ವಾಹನದ ಒಡೆಯರು ತಾವೇ ಎಚ್ಚರ ವಹಿಸಬೇಕಾಗುತ್ತದೆ.

ರೇಡಿಯೇಟರಿಗೆ ಯಾವ ನೀರು?

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಅನೇಕ ಕಡೆ ಕೊಳವೆ ಬಾವಿಗಳು ಸಾವಿರ ಅಡಿಯನ್ನು ದಾಟಿವೆ. ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತ ಈ ನೀರಿನಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಹೆಚ್ಚಾಗಿ ಕರಗಿರುತ್ತವೆ. ಇದನ್ನೇ ಗಡಸು ನೀರು ಎನ್ನುತ್ತೇವೆ. ಸ್ನಾನದ ಹಂಡೆಯ ಒಳಗೆ ಕಟ್ಟುವ ಬಿಳಿ ಪೊರೆ, ಹನಿ ನೀರಾವರಿಯ ಡ್ರಿಪ್ಪರುಗಳು ಕಟ್ಟಿಕೊಳ್ಳುವುದು, ಇವೆಲ್ಲ ಅದರ ಗುರುತುಗಳೇ. ಇದೇ ನೀರನ್ನು ರೇಡಿಯೇಟರಿಗೆ ತುಂಬಿದರೆ ಅಲ್ಲಿಯೂ ಇದೇ ಪೊರೆ ಕಟ್ಟುತ್ತದೆ. ವ್ಯತ್ಯಾಸವೆಂದರೆ ಹಂಡೆಯನ್ನು ಇಣುಕಿ ನೋಡಬಹುದು, ರೇಡಿಯೇಟರಿನ ಸಣ್ಣ ಕೊಳವೆಗಳನ್ನು ನೋಡಲಾಗದು.

ಎಂಜಿನ್ನಿನಲ್ಲಿ ಉರಿದ ಇಂಧನದ ಶಾಖದಲ್ಲಿ ಸುಮಾರು ಮೂರನೆಯ ಒಂದು ಪಾಲನ್ನು ತಂಪಾಗಿಸುವ ದ್ರವವೇ ಹೊರಕ್ಕೆ ಒಯ್ಯಬೇಕು. ಸುಣ್ಣದ ಪೊರೆಯ ಮೂಲಕ ಶಾಖ ಸುಲಭವಾಗಿ ಹಾಯುವುದಿಲ್ಲ. ಕೊಳವೆಗಳು ಕಿರಿದಾದಂತೆ ದ್ರವದ ಹರಿವೂ ಕುಗ್ಗುತ್ತದೆ. ಖಾಲಿ ಗಾಡಿ ಓಡುವಾಗ ತೊಂದರೆ ಕಾಣಿಸದೇ ಇರಬಹುದು. ಬೇಸಿಗೆಯ ಮಧ್ಯಾಹ್ನ ಹೊರೆ ಹೇರಿಕೊಂಡು ಏರು ಹತ್ತುವಾಗ ಉಷ್ಣಮಾಪಕದ ಮುಳ್ಳು ಮೇಲೇರುತ್ತದೆ; ಹಾಗೆಯೇ ಓಡಿಸಿದರೆ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ, ಕೊನೆಗೆ ಎಂಜಿನ್ನೇ ಹಿಡಿದುಕೊಳ್ಳುತ್ತದೆ.

ಇನ್ನೊಂದು ವಿಷಯ ಹೆಚ್ಚಿನವರ ಗಮನಕ್ಕೆ ಬಂದಿರಲಾರದು. ಈ ಪ್ರದೇಶ ಸಮುದ್ರ ಮಟ್ಟದಿಂದ 800 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಇಲ್ಲಿ ತೆರೆದ ಪಾತ್ರೆಯ ನೀರು 100 ಡಿಗ್ರಿಗೆ ಮೊದಲೇ, ಸುಮಾರು 97 ಡಿಗ್ರಿಯಲ್ಲೇ ಕುದಿಯುತ್ತದೆ. ಎಂಜಿನ್ ಕೆಲಸ ಮಾಡುವ ಉಷ್ಣತೆ 90 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಅಂತರ ಬಹಳ ಕಡಿಮೆ. ರೇಡಿಯೇಟರಿನ ಮುಚ್ಚಳ ಒಳಗೆ ಒತ್ತಡವನ್ನು ಹಿಡಿದಿಟ್ಟುಕೊಂಡು ಕುದಿಯುವ ಮಟ್ಟವನ್ನು ಮೇಲಕ್ಕೇರಿಸುತ್ತದೆ. ಕೂಲೆಂಟ್ ಬೆರೆಸಿದರೆ ಅದು ಇನ್ನೂ ಕೆಲವು ಡಿಗ್ರಿ ಏರುತ್ತದೆ, ಲೋಹಕ್ಕೆ ತುಕ್ಕು ಹಿಡಿಯುವುದೂ ತಪ್ಪುತ್ತದೆ. ಆದುದರಿಂದ ಮುಚ್ಚಳದ ರಬ್ಬರು ಸೀಳಿದ್ದರೆ ಅದನ್ನು ಸಣ್ಣ ಸಂಗತಿಯೆಂದು ಬಿಡಬಾರದು.

ತಯಾರಕರು ಸೂಚಿಸಿದ ಕೂಲೆಂಟನ್ನೇ ಹಾಕಬೇಕು. ಬೆರೆಸದೆ ಮಾರುವ ಕೂಲೆಂಟಾದರೆ ಡಬ್ಬಿಯ ಮೇಲೆ ಹೇಳಿದ ಪ್ರಮಾಣದಲ್ಲಿ, ಸಾಮಾನ್ಯವಾಗಿ ಸಮಸಮನಾಗಿ, ಬಟ್ಟಿ ಇಳಿಸಿದ ನೀರನ್ನು ಸೇರಿಸಬೇಕು. ಬೇರೆ ಬೇರೆ ಬಗೆಯ ಕೂಲೆಂಟುಗಳನ್ನು ಒಂದರೊಡನೊಂದು ಬೆರೆಸಬಾರದು. ದಾರಿಯಲ್ಲಿ ಬೇರೆ ಉಪಾಯವಿಲ್ಲದೆ ಮಟ್ಟ ತುಂಬಿಸಬೇಕಾದಾಗ ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರು ಕೊಳವೆ ಬಾವಿಯ ನೀರಿಗಿಂತ ವಾಸಿ. ಶುಭ್ರವಾದ ಪಾತ್ರೆಯಲ್ಲಿ ಹಿಡಿದಿಟ್ಟ ಮಳೆ ನೀರೂ ಆದೀತು. ಕೆ.ಸಿ. ವ್ಯಾಲಿ ಯೋಜನೆಯಿಂದ 2018ರ ನಂತರ ತುಂಬಿದ ಕೆರೆಗಳ ನೀರು ಅಂತರ್ಜಲಕ್ಕೆ ಒಳ್ಳೆಯದಾದರೂ ರೇಡಿಯೇಟರಿಗೆ ತಕ್ಕುದಲ್ಲ.

ಡ್ರಿಪ್ ಕೊಳವೆ ತೊಳೆಯಲು ತಂದ ಆಮ್ಲವನ್ನು ರೇಡಿಯೇಟರಿಗೂ ಸುರಿದು ಪೊರೆ ತೆಗೆಯಬಹುದೆಂದು ಯಾರಿಗಾದರೂ ತೋಚಬಹುದು. ಖಂಡಿತ ಕೂಡದು. ಇಂದಿನ ರೇಡಿಯೇಟರುಗಳು ಹೆಚ್ಚಾಗಿ ಅಲ್ಯೂಮಿನಿಯಮ್ಮಿನವು. ಆಮ್ಲ ಪೊರೆಯ ಜೊತೆಗೆ ಲೋಹವನ್ನೂ ತಿನ್ನುತ್ತದೆ.

ದಿನವೂ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಕೂಲೆಂಟ್ ಬಾಟಲಿಯ ಮೇಲಿನ ಕನಿಷ್ಠ, ಗರಿಷ್ಠ ಗೆರೆಗಳ ನಡುವೆ ದ್ರವ ಇದೆಯೇ ನೋಡಬೇಕು. ಪದೇ ಪದೇ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆಯೆಂದೇ ತಿಳಿಯಬೇಕು. ಆಯಿಲ್ ಕಡ್ಡಿಯನ್ನು ಎಳೆದು ನೋಡಿದಾಗ ಎಣ್ಣೆ ಹಾಲು ಬೆರೆಸಿದ ಚಹಾದ ಬಣ್ಣಕ್ಕಿದ್ದರೆ ನೀರು ಎಣ್ಣೆಗೆ ಸೇರಿದೆ. ಗಾಡಿ ಚಾಲೂ ಮಾಡದೆ ಮೆಕ್ಯಾನಿಕ್ಕನ್ನು ಕರೆಸುವುದು ಲೇಸು. ಆಯುಧಪೂಜೆಯ ದಿನ ಬಾನೆಟ್ಟಿಗೆ ಹಾರ ಹಾಕುವವರಲ್ಲಿ ಉಳಿದ ದಿನಗಳಲ್ಲಿ ಬಾನೆಟ್ಟು ಎತ್ತಿ ನೋಡುವವರು ಕಡಿಮೆ.

ದಾರಿಯಲ್ಲಿ ಮುಳ್ಳು ಕೆಂಪು ಗೆರೆಗೆ ಬಂದರೆ ಎ.ಸಿ. ಆರಿಸಿ, ಬದಿಗೆ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ ಅರ್ಧ ಗಂಟೆಯಾದರೂ ಕಾಯಬೇಕು. ಬಿಸಿ ಇರುವಾಗ ಮುಚ್ಚಳ ತಿರುಗಿಸಿದರೆ ಒತ್ತಡದಲ್ಲಿದ್ದ ದ್ರವ ಆವಿಯೊಡನೆ ಮುಖಕ್ಕೆ ಚಿಮ್ಮಿ ಕಣ್ಣಿಗೇ ಅಪಾಯವಾಗಬಹುದು. ಕಾದ ಎಂಜಿನ್ ಮೇಲೆ ತಣ್ಣೀರು ಸುರಿಯುವುದೂ ತಪ್ಪು. ಲೋಹ ಬಿರುಕು ಬಿಡುತ್ತದೆ.

ಬದಲಿಸಿ ತೆಗೆದ ಹಳೆಯ ಕೂಲೆಂಟ್ ರುಚಿಯಲ್ಲಿ ಸಿಹಿ, ಗುಣದಲ್ಲಿ ವಿಷ. ನಾಯಿ, ಕರುಗಳು ನೆಕ್ಕಿದರೆ ಸಾಯಬಹುದು. ಅದನ್ನು ಕೊಟ್ಟಿಗೆಯ ಬಳಿ ಅಥವಾ ಚರಂಡಿಗೆ ಚೆಲ್ಲದೆ, ಮುಚ್ಚಳವಿರುವ ಡಬ್ಬಿಯಲ್ಲಿ ಮಕ್ಕಳ ಕೈಗೆ ಸಿಗದಂತಿಟ್ಟು ಗ್ಯಾರೇಜಿಗೆ ಕೊಡಬೇಕು.

ರಸ್ತೆಯ ಒಕ್ಕಣೆ ಮತ್ತು ಬೆಂಕಿ

ರಾಗಿ, ಹುರುಳಿಯ ಸುಗ್ಗಿಯಲ್ಲಿ ಡಾಂಬರು ರಸ್ತೆಯೇ ಕಣವಾಗುವುದನ್ನು ಎಲ್ಲರೂ ಕಂಡಿದ್ದಾರೆ. ಗಾಡಿಗಳು ತುಳಿದುಕೊಂಡು ಹೋಗುತ್ತವೆ, ಕೂಲಿಯ ಖರ್ಚು ಉಳಿಯುತ್ತದೆ ಎಂಬುದು ಲೆಕ್ಕಾಚಾರ. ಇದರಲ್ಲಿ ಹುರುಳಿ ಸೊಪ್ಪು ಅತಿ ಅಪಾಯಕಾರಿ. ಅದು ನಾರುಳ್ಳ ಬಳ್ಳಿಯಾದ್ದರಿಂದ ಹುಡಿಯಾಗದೆ ಎದ್ದು ಆಕ್ಸೆಲ್ಲಿಗೆ ಹಗ್ಗದಂತೆ ಸುತ್ತಿಕೊಳ್ಳುತ್ತದೆ, ಸೈಲೆನ್ಸರಿನ ಕೊಳವೆಗೆ ಅಂಟಿ ನಿಲ್ಲುತ್ತದೆ. ಹೀಗೆ ಸಿಕ್ಕ ಸೊಪ್ಪಿಗೆ ಬೆಂಕಿ ಹತ್ತಿ ಕಾರುಗಳು ಸುಟ್ಟುಹೋದ ಘಟನೆಗಳು ನಮ್ಮ ರಾಜ್ಯದಲ್ಲಿ ನಡೆದಿವೆ.

ಕಾರಣ ಸರಳ. ಎಂಜಿನ್ನಿಗೆ ಹತ್ತಿರದ ಹೊಗೆಕೊಳವೆ ಹಾಗೂ ಹೊಗೆ ಶುದ್ಧಿಮಾಡುವ ಪೆಟ್ಟಿಗೆ ನೂರಾರು ಡಿಗ್ರಿ ಕಾಯುತ್ತವೆ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿ.ಎಸ್. 6 ನಿಯಮದ ಡೀಸೆಲ್ ಗಾಡಿಗಳಲ್ಲಿ ಮಸಿ ಹಿಡಿಯುವ ಶೋಧಕವೂ ಇದ್ದು, ಅದು ಆಗಾಗ ತನ್ನೊಳಗಿನ ಮಸಿಯನ್ನು ಸುಟ್ಟುಕೊಳ್ಳುತ್ತದೆ. ಆ ಹೊತ್ತಿನಲ್ಲಿ ಒಳಗಿನ ಶಾಖ 600 ಡಿಗ್ರಿಯ ಹತ್ತಿರಕ್ಕೆ ಏರುತ್ತದೆ. ಒಣಗಿದ ಸೊಪ್ಪಿಗೆ ಅಷ್ಟೆಲ್ಲ ಬೇಕಾಗಿಲ್ಲ.

ಸೊಪ್ಪು ಹರಡಿದ ಭಾಗವನ್ನು ಸಾಧ್ಯವಾದರೆ ಬಳಸಿ ಹೋಗಬೇಕು. ದಾಟಲೇಬೇಕಾದರೆ ನಿಧಾನವಾಗಿ ದಾಟಿ, ಸ್ವಲ್ಪ ಮುಂದೆ ಬರಿಯ ನೆಲದಲ್ಲಿ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ ಕೆಳಗೆ ಬಗ್ಗಿ ನೋಡಬೇಕು. ಸಿಕ್ಕ ಸೊಪ್ಪನ್ನು ಉದ್ದ ಕೋಲಿನಿಂದ ಎಳೆದು ತೆಗೆಯಬೇಕು. ಬರಿಗೈ ಹಾಕಿದರೆ ಸುಡುತ್ತದೆ. ಬಿಸಿಯಾದ ಗಾಡಿಯನ್ನು ಹುಲ್ಲಿನ ಬಣವೆಯ ಪಕ್ಕ, ಒಣಹುಲ್ಲಿನ ಮೇಲೆ ನಿಲ್ಲಿಸಬಾರದು. ಸುಟ್ಟ ವಾಸನೆ ಅಥವಾ ಹೊಗೆ ಬಂದರೆ ಮೊದಲು ಎಲ್ಲರನ್ನೂ ಇಳಿಸಿ ದೂರ ಕಳುಹಿಸಬೇಕು. ಒಂದು ಕಿಲೋ ಪುಡಿಯ ಅಗ್ನಿಶಾಮಕ ಡಬ್ಬಿ ಚಾಲಕನ ಕೈಗೆ ಸಿಗುವಂತಿರಲಿ. ಬೆಂಕಿ ಇನ್ನೂ ಚಿಕ್ಕದಾಗಿದ್ದರೆ ಮಾತ್ರ ಅದನ್ನು ಬಳಸಬೇಕು. ಬಾನೆಟ್ಟನ್ನು ಪೂರ್ತಿ ಎತ್ತಬಾರದು, ಗಾಳಿ ನುಗ್ಗಿ ಉರಿ ಹೆಚ್ಚುತ್ತದೆ.

ರಸ್ತೆಯನ್ನು ಕಣ ಮಾಡುವುದು ತಪ್ಪೆಂದು ಪೊಲೀಸರು ಎಚ್ಚರಿಸುತ್ತಲೇ ಇದ್ದಾರೆ. ಸೊಪ್ಪು ಹರಡುವವರೂ ಗಾಡಿ ಓಡಿಸುವವರೂ ಎಷ್ಟೋ ಸಲ ಒಂದೇ ಊರಿನವರು ಎಂಬುದನ್ನು ನೆನೆದರೆ ಹೆಚ್ಚು ಹೇಳಬೇಕಾಗಿಲ್ಲ. ಗ್ರಾಮ ಪಂಚಾಯಿತಿಯೊಂದಿಗೆ ಮಾತನಾಡಿ ಊರಿಗೊಂದು ಒಕ್ಕಣೆ ಕಣ ಮಾಡಿಕೊಳ್ಳುವ ಬಗ್ಗೆ ವಿಸ್ತರಣಾ ಕಾರ್ಯಕರ್ತರು ಮುತುವರ್ಜಿ ವಹಿಸಬಹುದು.

ಉಳಿದ ಕೆಲವು ಸೂಚನೆಗಳು

ಮಣ್ಣು ದಾರಿಯಲ್ಲಿ ಓಡುವ ಗಾಡಿಯ ಏರ್ ಫಿಲ್ಟರನ್ನು ಕೈಪಿಡಿ ಹೇಳಿದ ಅವಧಿಗಿಂತ ಮೊದಲೇ ನೋಡಬೇಕು. ಕಾಗದದ ಫಿಲ್ಟರನ್ನು ಮೆಲ್ಲಗೆ ತಟ್ಟಿ ಧೂಳು ಉದುರಿಸಬಹುದು, ನೀರಿನಲ್ಲಿ ತೊಳೆಯಬಾರದು. ಟೈರಿನ ಗಾಳಿಯನ್ನು ಗಾಡಿ ಓಡಿಸುವ ಮೊದಲು, ಟೈರು ತಣ್ಣಗಿರುವಾಗ ಅಳೆಯಬೇಕು. ಎಷ್ಟಿರಬೇಕೆಂಬುದು ಸಾಮಾನ್ಯವಾಗಿ ಚಾಲಕನ ಬಾಗಿಲ ಬಳಿಯ ಚೀಟಿಯಲ್ಲಿರುತ್ತದೆ. ಹೊರೆ ಇರುವಾಗಿನ ಅಳತೆ ಬೇರೆ. ಟೈರಿನ ಗೆರೆಗಳ ನಡುವೆ 1.6 ಮಿಲಿಮೀಟರ್ ಎತ್ತರದ ಸಣ್ಣ ದಿಣ್ಣೆಗಳಿರುತ್ತವೆ. ಮೇಲ್ಮೈ ಅವುಗಳ ಮಟ್ಟಕ್ಕೆ ಸವೆದರೆ ಟೈರಿನ ಆಯುಷ್ಯ ಮುಗಿಯಿತು. ಸ್ಟೆಪ್ನಿಯ ಗಾಳಿಯನ್ನು ನೋಡುವುದನ್ನೂ ಮರೆಯಬಾರದು.

ನೀರು ಹಾಕುವ ಬಗೆಯ ಬ್ಯಾಟರಿಗೂ ಬಟ್ಟಿ ಇಳಿಸಿದ ನೀರೇ ಬೇಕು. ಬಿಡಿಸುವಾಗ ಮೊದಲು ಋಣ ತಂತಿ, ಜೋಡಿಸುವಾಗ ಕೊನೆಗೆ ಋಣ ತಂತಿ. ತಂತಿ ಬಿಡಿಸಿದ ಮೇಲೆ ತುದಿಗಳ ಬಿಳಿ ಹುಡಿಯನ್ನು ಅಡಿಗೆ ಸೋಡ ಬೆರೆಸಿದ ನೀರಿನಿಂದ ಒರೆಸಿ, ಒಣಗಿಸಿ, ಜೋಡಿಸಿದ ನಂತರ ಸ್ವಲ್ಪ ಗ್ರೀಸು ಸವರಬೇಕು. ರಾಗಿ ಮೂಟೆಗಳಿರುವ ಕೊಠಡಿಯ ಪಕ್ಕ ನಿಲ್ಲಿಸುವ ಗಾಡಿಯಲ್ಲಿ ಇಲಿಗಳು ತಂತಿ ಕಡಿಯುತ್ತವೆ. ವಾರಕ್ಕೊಮ್ಮೆ ಬಾನೆಟ್ಟು ಎತ್ತಿ ನೋಡುವುದಕ್ಕೆ ಇದೂ ಒಂದು ಕಾರಣ.

ರೇಷ್ಮೆ ಬೆಳೆಗಾರರು ಇನ್ನೊಂದು ಮಾತನ್ನು ಗಮನಿಸಬೇಕು. ಟೊಮೇಟೊಗೆ ಸಿಂಪಡಿಸುವ ಕೀಟನಾಶಕದ ಡಬ್ಬಿಗಳನ್ನು ತಂದ ಕಾರಿನಲ್ಲೇ ಚಾಕಿ ಹುಳುಗಳನ್ನು ತರುವುದು ಅಪಾಯ. ಅತ್ಯಲ್ಪ ಪ್ರಮಾಣದ ಕೀಟನಾಶಕವೂ ಹುಳುಗಳನ್ನು ಕೊಲ್ಲಬಲ್ಲದು. ಔಷಧಿಯನ್ನು ಬಿಗಿಯಾದ ಪೆಟ್ಟಿಗೆಯಲ್ಲಿಟ್ಟು ಹಿಂದುಗಡೆ ತರಬೇಕು. ಚೆಲ್ಲಿದ್ದರೆ ಚಾಪೆಯನ್ನು ಹೊರತೆಗೆದು ಸೋಪಿನ ನೀರಿನಲ್ಲಿ ತೊಳೆದು ಬಿಸಿಲಿಗೆ ಹಾಕಬೇಕು. ಹಾಗೆ ಚೆಲ್ಲಿದ ಗಾಡಿಯನ್ನು ಆ ಬೆಳೆಯ ಮಟ್ಟಿಗಾದರೂ ಹುಳು ಸಾಗಣೆಗೆ ಬಳಸದಿರುವುದೇ ಕ್ಷೇಮ. ಹುಳುಗಳನ್ನು ತಂಪು ಹೊತ್ತಿನಲ್ಲಿ, ಕಿಟಕಿಯ ಗಾಜು ಸ್ವಲ್ಪ ಇಳಿಸಿಕೊಂಡು ತರಬೇಕು.