ಬೇಲಿಯ ಗಿಡಗಳಿಗೆ ಅಂಗಳದಲ್ಲಿ ಜಾಗ

ಧಾರವಾಡದ ಸುತ್ತಲಿನ ಹೊಲಗಳಿಗೆ ಮೊದಲು ಕಾಂಪೌಂಡೂ ಇರಲಿಲ್ಲ, ಮುಳ್ಳುತಂತಿಯೂ ಇರಲಿಲ್ಲ. ಬೇಲಿ ಇತ್ತು. ಕಳ್ಳಿಯ ಸಾಲು, ಅದರ ನಡುನಡುವೆ ಲಕ್ಕಿ, ಕವಳಿಕಂಟಿ, ಎಕ್ಕಿ, ಮುಳ್ಳು ಗೋರಟಗಿ. ಇವೆಲ್ಲದರ ಮೈಮೇಲೆ ಗುಲಗಂಜಿ, ಕಾಡುತೊಂಡೆ, ಮಳೆಗಾಲ ಬಂದರೆ ಗೌರಿ ಹೂವಿನ ಬಳ್ಳಿ. ಯಾರೂ ನೀರು ಹಾಕುತ್ತಿರಲಿಲ್ಲ, ಗೊಬ್ಬರ ಕೊಡುತ್ತಿರಲಿಲ್ಲ. ವರ್ಷದ ಯಾವ ತಿಂಗಳಲ್ಲಿ ಹೋದರೂ ಯಾವುದೋ ಒಂದು ಹೂ ಇರುತ್ತಿತ್ತು. ಆಮೇಲೆ ಹೊಲಗಳು ಲೇಔಟ್ ಆದವು, ಬೇಲಿ ಜೆಸಿಬಿಯ ಬಾಯಿಗೆ ಹೋಯಿತು. ಅದೇ ನೆಲದ ಮೇಲೆ ಮನೆ ಕಟ್ಟಿಸಿಕೊಂಡ ನಾವು ಈಗ ನರ್ಸರಿಗೆ ಹೋಗಿ ದುಡ್ಡು ಕೊಟ್ಟು ಹೂವಿನ ಗಿಡ ತರುತ್ತೇವೆ. ಬೋಗನ್‌ವಿಲ್ಲಾ ದಕ್ಷಿಣ ಅಮೆರಿಕದ್ದು. ದೇವಕಣಗಿಲೆ ಮೆಕ್ಸಿಕೊ ಕಡೆಯದು. ರತ್ನಗಂಧಿಯೂ ಅಮೆರಿಕ ಖಂಡದಿಂದಲೇ ಬಂದದ್ದು.

ಬೇಲಿಯಲ್ಲಿದ್ದ ಗಿಡಗಳನ್ನು ಗೇಟಿನೊಳಗೆ ಕರೆತರಬೇಕು ಅನ್ನುವುದು ನನ್ನ ಹಟ. ಅವು ನಮ್ಮ ಬಿಸಿಲು, ನಮ್ಮ ಮಣ್ಣು ತಿಂದು ಬದುಕಿದವು. ನಮ್ಮ ಚಿಟ್ಟೆ, ದುಂಬಿ, ಹಕ್ಕಿಗಳಿಗೂ ಅವುಗಳ ಪರಿಚಯ ಹಳೆಯದು.

ಮೊದಲ ಜಾಗ ಹೊನ್ನಾವರಿಕೆಗೆ. ಮೈಸೂರು ಕಡೆ ತಂಗಡಿ, ಆವರಿಕೆ ಎನ್ನುತ್ತಾರೆ. ಆಳೆತ್ತರದ ಪೊದೆ, ಮೈತುಂಬ ಹೊನ್ನಿನ ಬಣ್ಣದ ಹೂ. ದೀಪಾವಳಿ ಪಾಡ್ಯದ ದಿನ ಸಗಣಿಯ ಪಾಂಡವರನ್ನು ಮಾಡಿ ಹೊಸ್ತಿಲ ಬಳಿ ಕೂಡಿಸುವಾಗ ಉತ್ತರಾಣಿ ಕಡ್ಡಿ, ಚೆಂಡುಹೂವಿನ ಜೊತೆ ಇದನ್ನೂ ಏರಿಸುವುದು ನಮ್ಮ ಕಡೆಯ ಪದ್ಧತಿ. (ಚೆಂಡುಹೂವಿನ ಮೂಲ ಮೆಕ್ಸಿಕೊ. ಹಾಗೆಂದು ಅದನ್ನು ಹಬ್ಬದಿಂದ ಹೊರಗಿಡಿ ಎಂದು ನಾನು ಹೇಳುವುದಿಲ್ಲ. ಅದು ನಮ್ಮ ಮನೆಯದೇ ಆಗಿಹೋಗಿದೆ.) ಈ ಗಿಡಕ್ಕಾಗಿ ನರ್ಸರಿಯಲ್ಲಿ ಕೇಳಿದಾಗ ಅಲ್ಲಿನ ಹುಡುಗ, "ಅಕ್ಕಾರ, ಅದು ಅಡವ್ಯಾಗ ತಾನಽ ಬೆಳೀತೈತಲ್ರೀ, ಅದನ್ನ ರೊಕ್ಕಾ ಕೊಟ್ಟು ಯಾರ್ ಒಯ್ತಾರ್ರೀ?" ಎಂದ. ಅವನ ಮಾತಿನಲ್ಲಿ ಸುಳ್ಳಿಲ್ಲ. ತಾನೇ ಬೆಳೆಯುವ ಗುಣಕ್ಕಾಗಿಯೇ ನನಗೆ ಅದು ಬೇಕು.

ಇದರ ಹೂವಿನಲ್ಲಿ ಮಕರಂದ ಇಲ್ಲ. ಪರಾಗ ಕೇಸರಗಳ ತುದಿಯ ಸಣ್ಣ ತೂತಿನೊಳಗೆ ಕುಳಿತಿರುತ್ತದೆ. ಉಪ್ಪಿನ ಡಬ್ಬಿ ಅಲ್ಲಾಡಿಸಿದಂತೆ ಅಲ್ಲಾಡಿಸಿದರೆ ಮಾತ್ರ ಉದುರುತ್ತದೆ. ತುಡುವೆ, ಹೆಜ್ಜೇನುಗಳಿಗೆ ಆ ವಿದ್ಯೆ ಗೊತ್ತಿಲ್ಲ. ಕಪ್ಪಗೆ ಮಿರುಗುವ ಗುಂಗಿಹುಳಕ್ಕೆ ಗೊತ್ತು, ಹೊಟ್ಟೆಯ ಮೇಲೆ ನೀಲಿ ಪಟ್ಟಿ ಇರುವ ಒಂದು ಒಂಟಿ ಜೇನಿಗೂ ಗೊತ್ತು. ಅವು ಹೂವನ್ನು ತಬ್ಬಿ ಹಿಡಿದು, ರೆಕ್ಕೆ ಬೀಸದೆ ಹಾರುವ ಸ್ನಾಯುಗಳನ್ನು ಮಾತ್ರ ನಡುಗಿಸುತ್ತವೆ. ಗುಂಯ್ ಎನ್ನುವ ಸದ್ದು ಏರುತ್ತದೆ, ಪರಾಗ ಮೈಮೇಲೆ ಸುರಿಯುತ್ತದೆ. ಬದನೆಯ ಹೂವಿನ ಕೇಸರಕ್ಕೂ ಇಂಥದೇ ತೂತು. ಆದ್ದರಿಂದ ಹಿತ್ತಲಲ್ಲಿ ಬದನೆ ಹಾಕುವವರು ಪಕ್ಕದಲ್ಲೊಂದು ಹೊನ್ನಾವರಿಕೆ ಇಟ್ಟುಕೊಂಡರೆ ಅದಕ್ಕೆ ಬಂದ ಅತಿಥಿಗಳು ಬದನೆಯನ್ನೂ ವಿಚಾರಿಸಿಕೊಂಡು ಹೋಗುತ್ತವೆ. ಎಲೆ ತಿನ್ನಲು ಹಳದಿ, ತಿಳಿಹಸಿರು ಬಣ್ಣದ ಚಿಟ್ಟೆಗಳ ಮರಿಹುಳು ಬರುತ್ತವೆ.

ಬೆಳೆಸುವುದು ಸುಲಭ. ಒಣಗಿದ ಕಾಯಿಗಳನ್ನು ರಸ್ತೆ ಬದಿಯ ಗಿಡದಿಂದ ಆರಿಸಿ ತನ್ನಿ. ಬೀಜದ ಸಿಪ್ಪೆ ಗಟ್ಟಿ. ಕುದಿಸಿ ಇಳಿಸಿದ ನೀರು ಸುರಿದು ರಾತ್ರಿಯಿಡೀ ನೆನೆಸಬೇಕು. ತಾಯಿಬೇರು ಆಳಕ್ಕೆ ಇಳಿಯುವ ಜಾತಿ, ಕಿತ್ತು ನಡುವುದನ್ನು ಸಹಿಸುವುದಿಲ್ಲ. ಇರಬೇಕಾದ ಜಾಗದಲ್ಲೇ ಬೀಜ ಊರುವುದು ಒಳ್ಳೆಯದು.

ನಾಡಿನ ಗಿಡ ಎಂದ ಮಾತ್ರಕ್ಕೆ ಎಲ್ಲ ಅಂಗಳದಲ್ಲೂ ಬರುತ್ತದೆ ಎಂದು ತಿಳಿಯಬೇಡಿ. ಕೇಪಳ ದಕ್ಷಿಣ ಭಾರತದ್ದೇ ಗಿಡ, ಕರಾವಳಿ ಮತ್ತು ಮಲೆನಾಡಿನ ಗುಡ್ಡಗಳಲ್ಲಿ ಕೆಂಪು ಗೊಂಚಲು ಹೊತ್ತು ನಿಂತಿರುತ್ತದೆ. ಉದ್ದ ಕೊಳವೆಯ ಆ ಹೂವಿಗೆ ದೊಡ್ಡ ಚಿಟ್ಟೆಗಳು ಮುತ್ತುತ್ತವೆ. ಆದರೆ ಅದು ಹುಳಿ ಗುಣದ ಕೆಂಪು ಮಣ್ಣಿನ ಮಗು. ನಮ್ಮ ಓಣಿಯದು ಎರಿ ನೆಲ: ಸುಣ್ಣದ ಅಂಶ ಹೆಚ್ಚು, ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಯಲ್ಲಿ ನೀರು ಹಿಡಿದು ನಿಲ್ಲುತ್ತದೆ. ಇಂಥ ಮಣ್ಣಿನಲ್ಲಿ ಕಬ್ಬಿಣದ ಅಂಶ ಇದ್ದರೂ ಕೇಪಳದ ಬೇರು ಅದನ್ನು ಎಳೆದುಕೊಳ್ಳಲಾರದು. ನರ ಹಸಿರಾಗಿಯೇ ಉಳಿದು ಎಳೆಯ ಎಲೆ ಹಳದಿಯಾಗುತ್ತದೆ. ಜನ ಇದನ್ನು ರೋಗ ಎಂದುಕೊಂಡು ಔಷಧ ಹುಡುಕುತ್ತಾರೆ. ನಾನು ಕೇಪಳವನ್ನು ದೊಡ್ಡ ಕುಂಡದಲ್ಲಿ, ಮಸಾರಿ ಮಣ್ಣು ಮತ್ತು ಎಲೆಗೊಬ್ಬರ ಬೆರೆಸಿ ಇಟ್ಟಿದ್ದೇನೆ. ನೆಲದಲ್ಲಿ ಎರಿಗೆ ಒಗ್ಗುವವನ್ನೇ ಹಾಕಿದ್ದೇನೆ. ನಿಮ್ಮ ಊರಿನ ಗಿಡ ಯಾವುದು ಎಂದು ತಿಳಿಯಲು ಪುಸ್ತಕಕ್ಕಿಂತ ಮೊದಲು ಊರಾಚೆಯ ಹಳ್ಳದ ದಂಡೆಗೆ, ಹಳೆಯ ಗುಡಿಯ ಹಿಂದಕ್ಕೆ ಹೋಗಿ ನೋಡಿ. ನಿಮ್ಮ ಮಣ್ಣಿನಂಥ ಮಣ್ಣಿನಲ್ಲಿ ಯಾರ ಆರೈಕೆಯೂ ಇಲ್ಲದೆ ಏನು ಹೂ ಬಿಟ್ಟಿದೆಯೋ ಅದನ್ನೇ ಆರಿಸಿ.

ಕವಳಿಯನ್ನು ನಾವು ಹಣ್ಣಿನ ಲೆಕ್ಕದಲ್ಲಿ ಮಾತ್ರ ಇಟ್ಟಿದ್ದೇವೆ. ಬೇಸಿಗೆಯಲ್ಲಿ ಹಳ್ಳಿಯ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ತಂದು ಮಾರುವ ಆ ಕಪ್ಪು ಹಣ್ಣಿಗಿಂತ ಮೊದಲು ಬಿಳಿಯ, ಮಲ್ಲಿಗೆಯಂಥ ಹೂವಿನ ಕಾಲ ಒಂದಿರುತ್ತದೆ. ಘಮ ಇಡೀ ಅಂಗಳಕ್ಕೆ ಸಾಕು. ಮುಳ್ಳು ಬಿರುಸು, ಕಾಂಪೌಂಡಿನ ಅಂಚಿಗೆ ಹೇಳಿ ಮಾಡಿಸಿದ್ದು. ಬೀಜವನ್ನು ಹಣ್ಣು ತಿಂದ ಕೂಡಲೇ ಹಾಕಬೇಕು, ಇಟ್ಟರೆ ಕೆಡುತ್ತದೆ. ನಿಧಾನದ ಗಿಡ, ತಾಳ್ಮೆ ಬೇಕು.

ಅಬ್ಬಲಗಿ ಎಲ್ಲರಿಗೂ ಗೊತ್ತು; ಕನಕಾಂಬರ ಎಂದರೂ ಅದೇ. ಅದು ದಕ್ಷಿಣ ಭಾರತ ಮತ್ತು ಶ್ರೀಲಂಕಾದ ಮೂಲದ್ದು ಎಂಬುದು ಮಾತ್ರ ಹಲವರಿಗೆ ಗೊತ್ತಿಲ್ಲ. ಅರೆನೆರಳು ಸಾಕು, ಕುಂಡದಲ್ಲೂ ಬರುತ್ತದೆ. ಒಣಗಿದ ತೆನೆಯ ಮೇಲೆ ನೀರು ಬಿದ್ದರೆ ಕಾಯಿ ಚಟ್ ಎಂದು ಸಿಡಿದು ಬೀಜ ದೂರ ಹಾರುತ್ತದೆ. ಮಕ್ಕಳ ಕೈಗೆ ಒಂದು ತೆನೆ, ಒಂದು ಲೋಟ ನೀರು ಕೊಟ್ಟು ನೋಡಿ. ದಿಲ್ಲಿ ಕನಕಾಂಬರ ಎಂಬ ತಳಿ ಬೀಜ ಕಟ್ಟುವುದಿಲ್ಲ, ಕಡ್ಡಿಯಿಂದಲೇ ಬೆಳೆಸಬೇಕು. ತಾನೇ ಹರಡಲಿ ಎನ್ನುವವರು ಜವಾರಿ ಬಣ್ಣದ್ದನ್ನು ಕೇಳಿ ತನ್ನಿ. ಫ್ಲ್ಯಾಟಿನಲ್ಲಿ ಇರುವವರಿಗೆ ಇದರ ಜೊತೆ ತುಂಬೆ, ತುಳಸಿ ಹೇಳುತ್ತೇನೆ. ಮೂರು ಕುಂಡ ಇದ್ದರೂ ಜೇನು ಬಾಲ್ಕನಿಗೆ ಬರುತ್ತದೆ.

ಇನ್ನು ಹುಳುವಿನ ವಿಷಯ. ನಮ್ಮ ನಂದಿಬಟ್ಟಲಿಗೆ ಮಳೆಗಾಲದಲ್ಲಿ ಬೆರಳುದ್ದದ ಹಸಿರು ಹುಳು ಬರುತ್ತದೆ, ತಲೆಯ ಹಿಂದೆ ಎರಡು ನೀಲಿ ಕಣ್ಣಿನ ಗುರುತು. ರಾತ್ರಿ ಬೆಳಗಾಗುವುದರೊಳಗೆ ಕೊಂಬೆ ಬೋಳು. ಪಕ್ಕದ ಮನೆಯವರು ಗೋಡೆಯಾಚೆಯಿಂದ, "ವೈನಿ, ಔಷಧ ಹೊಡಸ್ರೀ, ಗಿಡಾ ಪೂರ್ತಿ ತಿಂದು ಹಾಕೇತಿ ನೋಡ್ರಿ" ಎಂದರು. ನಾನು ಹೊಡೆಸಲಿಲ್ಲ. ಅದು ಹಸಿರು ರೆಕ್ಕೆಯ ದೊಡ್ಡ ಪತಂಗವೊಂದರ ಮರಿ. ತಿಂದು ಮುಗಿದ ಮೇಲೆ ಕಂದು ಬಣ್ಣಕ್ಕೆ ತಿರುಗಿ ಕೆಳಗಿಳಿದು ತರಗೆಲೆಯ ನಡುವೆ ಕೋಶ ಕಟ್ಟುತ್ತದೆ. ನಂದಿಬಟ್ಟಲು ಸಾಯುವುದಿಲ್ಲ, ಮತ್ತೆ ಚಿಗುರುತ್ತದೆ. ಸಿಂಪಿಗ ಹಕ್ಕಿಗೆ ಮರಿ ಸಾಕಲು ಹುಳುವೇ ಬೇಕು. ಔಷಧ ಹೊಡೆದ ತೋಟದಲ್ಲಿ ಅದು ಗೂಡು ಹೊಲಿದು ಏನು ಮಾಡಬೇಕು? ಎಲೆಯಲ್ಲಿ ತೂತು ಕಂಡರೆ ಗಿಡಕ್ಕೆ ಯಾರೋ ಬಂದಿದ್ದಾರೆ ಎಂದು ನನಗೆ ಸಂತೋಷವಾಗುತ್ತದೆ. ಎಕ್ಕಿಯ ಮೇಲೆ ಕಪ್ಪು, ಬಿಳಿ, ಹಳದಿ ಪಟ್ಟೆಯ ಹುಳು ಕಂಡರೆ ಅದು ಕಿತ್ತಳೆ ರೆಕ್ಕೆಯ ಪ್ಲೇನ್ ಟೈಗರ್ ಚಿಟ್ಟೆಯದು. ಎಕ್ಕಿಯ ವಿಷವನ್ನೇ ಮೈಯಲ್ಲಿ ತುಂಬಿಕೊಳ್ಳುವುದರಿಂದ ಹಕ್ಕಿಗಳು ಅದರ ತಂಟೆಗೆ ಹೋಗುವುದಿಲ್ಲ.

ವಿಷದ ಮಾತು ಬಂದದ್ದರಿಂದ ಎರಡು ಎಚ್ಚರಿಕೆ. ಎಕ್ಕಿಯ ಹಾಲು ಕಣ್ಣಿಗೆ ಬಿದ್ದರೆ ಅಪಾಯ, ಮಕ್ಕಳು ಓಡಾಡುವ ದಾರಿಯಲ್ಲಿ ಬೇಡ. ಗೌರಿ ಹೂ ನನಗೆ ಎಲ್ಲಕ್ಕಿಂತ ಪ್ರೀತಿಯದು: ಎಲೆಯ ತುದಿಯೇ ಸುರುಳಿಯಾಗಿ ಆಸರೆ ಹಿಡಿಯುತ್ತದೆ, ಹಳದಿ ಎಸಳು ದಿನ ಕಳೆದಂತೆ ಕೆಂಪಾಗುತ್ತದೆ, ಭಾದ್ರಪದದ ಗೌರಿಗೆ ಸರಿಯಾಗಿ ಅರಳುತ್ತದೆ. ಆದರೆ ಅದರ ಗಡ್ಡೆ ತಿಂದರೆ ಜೀವಕ್ಕೇ ಕುತ್ತು. ಪುಟ್ಟ ಮಕ್ಕಳು, ನೆಲ ಕೆದರುವ ನಾಯಿ ಇರುವ ಮನೆಯವರು ಹಾಕಬೇಡಿ. ಹಾಕುವವರೂ ಕಾಡಿನಿಂದ ಗಡ್ಡೆ ಅಗೆದು ತರಬೇಡಿ, ಬೀಜದಿಂದ ಬೆಳೆಸಿ. ಅಡವಿಯ ಬೇಲಿ ಬರಿದು ಮಾಡಿ ಮನೆಯ ಬೇಲಿ ತುಂಬಿಸುವುದು ನ್ಯಾಯವಲ್ಲ.

ಅಂಗಳಕ್ಕೆಲ್ಲ ಟೈಲ್ಸ್ ಹಾಕಿಸಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಆ ನೀಲಿ ಪಟ್ಟಿಯ ಜೇನು ಗೂಡು ಮಾಡುವುದು ಮಣ್ಣಿನೊಳಗೆ. ಒಂದು ಮೂಲೆಯ ನೆಲವನ್ನು ಹಾಗೇ ಬರಿದಾಗಿ ಬಿಡಿ, ತರಗೆಲೆ ಬಿದ್ದ ಕಡೆ ಬಿದ್ದಿರಲಿ. ಗುಂಗಿಹುಳಕ್ಕೆ ಒಣಗಿದ ಬಿದಿರಿನ ತುಂಡೊಂದು ಸಾಕು.

ನಡುವ ಕಾಲ ಮಿರಗದ ಮಳೆ, ಅಂದರೆ ಜೂನ್ ಎರಡನೆಯ ವಾರ. ಎರಿ ಮಣ್ಣಾದರೆ ನೀರು ನಿಲ್ಲದಂತೆ ಸ್ವಲ್ಪ ಏರು ಮಾಡಿ ನೆಡಿ. ಈ ಗಿಡಗಳಿಗೆ ನೀರೇ ಬೇಡ ಎಂಬ ಮಾತು ಬೇರೂರಿದ ಮೇಲಿನದು. ಮೊದಲ ಬೇಸಿಗೆಯಲ್ಲಿ ವಾರಕ್ಕೊಮ್ಮೆ ಬುಡ ನೆನೆಯುವಷ್ಟು ನೀರು ಕೊಡಿ, ಬುಡಕ್ಕೆ ಒಣ ಹುಲ್ಲು ಹೊದಿಸಿ. ಎರಡನೆಯ ಬೇಸಿಗೆಯಲ್ಲಿ ಎಲೆ ಬಾಡಿದಾಗ ಮಾತ್ರ ಕೊಟ್ಟರೆ ಸಾಕು.