ಕಥನಗೀತೆ, ಕಾರ್ಟೆಲ್ ಮತ್ತು ಪ್ರಭುತ್ವ: ಮೆಕ್ಸಿಕೊದ ಕೊರ್ರಿದೊ ಪರಂಪರೆಯ ಸ್ಥಿತ್ಯಂತರಗಳು

ರಾಷ್ಟ್ರೀಯ ಭದ್ರತೆಯನ್ನು ಕುರಿತ ಚರ್ಚೆಗಳಲ್ಲಿ ಗಡಿ, ಸೇನೆ, ಶಸ್ತ್ರಾಸ್ತ್ರ, ಕಾನೂನುಗಳಿಗೆ ದೊರೆಯುವ ಮಹತ್ವ ಜನಪದ ಗೀತೆಗಳಿಗೆ ದೊರೆಯುವುದಿಲ್ಲ. ಹಾಡನ್ನು ಮನರಂಜನೆಯ ವಸ್ತುವೆಂದೋ ಕಳೆದ ಕಾಲದ ಅವಶೇಷವೆಂದೋ ಬದಿಗಿರಿಸುವುದು ವಾಡಿಕೆ. ಮೆಕ್ಸಿಕೊ ದೇಶದ ಅನುಭವವು ಈ ಗ್ರಹಿಕೆಯನ್ನು ಪುನರ್ವಿಮರ್ಶೆಗೆ ಒಡ್ಡುತ್ತದೆ. ಅಲ್ಲಿ 'ಕೊರ್ರಿದೊ' ಎಂಬ ಕಥನಗೀತೆಯ ಪ್ರಕಾರವು ಮಾದಕವಸ್ತು ಕಳ್ಳಸಾಗಣೆಯ ಕೂಟಗಳೊಂದಿಗೆ, ಅಂದರೆ ಕಾರ್ಟೆಲ್‌ಗಳೊಂದಿಗೆ, ನಿಕಟ ಸಂಬಂಧವನ್ನು ಬೆಳೆಸಿಕೊಂಡಿದೆ. ಈ ಹಾಡುಗಳನ್ನು ಹಾಡಿದ ಗಾಯಕರು ಕೊಲೆಯಾಗಿದ್ದಾರೆ. ಹಾಡಲು ನಿರಾಕರಿಸಿದ ಗಾಯಕನ ವೇದಿಕೆಯನ್ನು ಕೇಳುಗರೇ ಧ್ವಂಸಗೊಳಿಸಿದ್ದಾರೆ. ರಾಜ್ಯ ಸರ್ಕಾರಗಳು ಹಾಡುಗಳನ್ನು ನಿಷೇಧಿಸಿವೆ. ನೆರೆಯ ಅಮೆರಿಕವು ಹಾಡುಗಾರರ ವೀಸಾಗಳನ್ನು ರದ್ದುಗೊಳಿಸಿದೆ. ಕಥನಗೀತೆಯೊಂದು ಭದ್ರತೆಯ ಪ್ರಶ್ನೆಯಾಗಿ ಮಾರ್ಪಟ್ಟ ಈ ಪ್ರಕ್ರಿಯೆಯನ್ನು ಜಾನಪದದ ನೆಲೆಯಿಂದ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪ್ರಕಾರದ ಸ್ವರೂಪ

ಕೊರ್ರಿದೊ ಸ್ಪ್ಯಾನಿಷ್ ಭಾಷೆಯ ಕಥನಗೀತೆ. ಸಾಮಾನ್ಯವಾಗಿ ಎಂಟು ಅಕ್ಷರಗಳ ಸಾಲುಗಳು, ನಾಲ್ಕು ಸಾಲಿನ ನುಡಿಗಳು, ಸರಳವಾದ ಪ್ರಾಸ ಇದರ ಚೌಕಟ್ಟು. ಘಟನೆ ನಡೆದ ಊರು, ದಿನ ಹಾಗೂ ನಾಯಕನ ಹೆಸರನ್ನು ಆರಂಭದಲ್ಲಿಯೇ ಹೇಳಿ, ಕೊನೆಯಲ್ಲಿ ಕೇಳುಗರಿಂದ ಬೀಳ್ಕೊಳ್ಳುವುದು ಇದರ ಸಂಪ್ರದಾಯ. ಸುದ್ದಿಪತ್ರಿಕೆಗಳು ತಲುಪದ ಊರುಗಳಲ್ಲಿ ಇದು ಸುದ್ದಿಯೂ ಹೌದು, ಅದರ ಮೇಲಿನ ತೀರ್ಪೂ ಹೌದು. ಮೆಕ್ಸಿಕೊ ನಗರದ ಆಂತೋನಿಯೊ ವನೇಗಾಸ್ ಅರ್ರೋಯೊ ಮುದ್ರಣಾಲಯವು ಹೊಸೆ ಗ್ವಾದಲೂಪೆ ಪೊಸಾದನ ಚಿತ್ರಗಳೊಂದಿಗೆ ಇಂತಹ ಗೀತೆಗಳನ್ನು ಬಿಡಿ ಹಾಳೆಗಳಲ್ಲಿ ಅಚ್ಚುಹಾಕಿ ಮಾರುತ್ತಿತ್ತು. 1910ರಲ್ಲಿ ಆರಂಭವಾದ ಮೆಕ್ಸಿಕನ್ ಕ್ರಾಂತಿಯ ಕಾಲದಲ್ಲಿ ಪಾಂಚೊ ವಿಲ್ಲಾ, ಎಮಿಲಿಯಾನೊ ಸಪಾತಾ ಮೊದಲಾದ ನಾಯಕರ ಸುತ್ತ ಅಸಂಖ್ಯ ಕೊರ್ರಿದೊಗಳು ಹುಟ್ಟಿಕೊಂಡವು.

ಈ ಪ್ರಕಾರದ ಅಧ್ಯಯನದಲ್ಲಿ ಅಮೆರಿಕೊ ಪರೇದೆಸ್ ಅವರ 1958ರ ಗ್ರಂಥವು ಮೈಲಿಗಲ್ಲೆನಿಸಿದೆ. ಅದರ ವಸ್ತು ಗ್ರೆಗೋರಿಯೊ ಕೊರ್ತೆಸ್ ಎಂಬ ರೈತನನ್ನು ಕುರಿತ ಕೊರ್ರಿದೊ. 1901ರ ಜೂನ್‌ನಲ್ಲಿ ಟೆಕ್ಸಾಸ್‌ನ ಶೆರಿಫ್ ಒಬ್ಬನು ಕುದುರೆ ಕಳವಿನ ವಿಚಾರಣೆಗೆಂದು ಅವನ ಮನೆಗೆ ಬಂದ. 'ಕುದುರೆ', 'ಹೆಣ್ಣು ಕುದುರೆ' ಎಂಬ ಪದಗಳ ಅನುವಾದದಲ್ಲಾದ ಗೊಂದಲ ಗುಂಡಿನ ಚಕಮಕಿಗೆ ದಾರಿಮಾಡಿ ಶೆರಿಫ್ ಸತ್ತ. ಹತ್ತು ದಿನಗಳ ಬೆನ್ನಟ್ಟುವಿಕೆಯ ನಂತರ ಸೆರೆಸಿಕ್ಕ ಕೊರ್ತೆಸ್‌ಗೆ 1913ರಲ್ಲಿ ಕ್ಷಮಾದಾನ ದೊರೆಯಿತು. ಕಾನೂನಿನ ದೃಷ್ಟಿಯಲ್ಲಿ ಅಪರಾಧಿಯಾದವನು ಸಮುದಾಯದ ದೃಷ್ಟಿಯಲ್ಲಿ ತನ್ನ ಹಕ್ಕನ್ನು ಕಾಯ್ದುಕೊಂಡ ವೀರನಾಗುವುದನ್ನು ಪರೇದೆಸ್ ಈ ಗೀತೆಯ ಮೂಲಕ ತೋರಿಸಿದರು.

ಕನ್ನಡದ ಓದುಗರಿಗೆ ಈ ಇಬ್ಬಗೆಯ ನೋಟ ಅಪರಿಚಿತವಲ್ಲ. 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಲ್ಪಟ್ಟ ಸಂಗೊಳ್ಳಿ ರಾಯಣ್ಣ, 1857ರಲ್ಲಿ ಆಯುಧಗಳನ್ನು ಒಪ್ಪಿಸಲು ನಿರಾಕರಿಸಿದ ಹಲಗಲಿಯ ಬೇಡರು ಬ್ರಿಟಿಷ್ ಆಡಳಿತಕ್ಕೆ ದಂಗೆಕೋರರು, ಲಾವಣಿಕಾರರಿಗೆ ವೀರರು. ಈ ಲಾವಣಿಗಳನ್ನು ಸಂಗ್ರಹಿಸಿ 'ಇಂಡಿಯನ್ ಆಂಟಿಕ್ವೆರಿ'ಯಲ್ಲಿ ಪ್ರಕಟಿಸಿದ ಜೆ. ಎಫ್. ಫ್ಲೀಟ್ ಅದೇ ಆಡಳಿತದ ಅಧಿಕಾರಿಯಾಗಿದ್ದರು. ಕೊರ್ತೆಸ್‌ನ ಕೊರ್ರಿದೊ ಮತ್ತು ರಾಯಣ್ಣನ ಲಾವಣಿಗಳಿಗೆ ಸಮಾನವಾದ ಅಂಶವೊಂದಿದೆ: ಸೋತ ನಾಯಕನು ಹಾಡುಗಾರನಿಗೆ ಏನನ್ನೂ ಕೊಡಲಾರ. ಹಾಡು ಉಳಿದದ್ದು ಸಮುದಾಯಕ್ಕೆ ಅದು ಬೇಕಾಗಿದ್ದರಿಂದ. ಮುಂದಿನ ಬದಲಾವಣೆಯನ್ನು ಅಳೆಯಲು ಈ ಅಂಶವೇ ಒರೆಗಲ್ಲು.

ಗಡಿ ಮತ್ತು ಕಳ್ಳಸಾಗಣೆ

1920ರಿಂದ 1933ರವರೆಗೆ ಅಮೆರಿಕದಲ್ಲಿ ಜಾರಿಯಲ್ಲಿದ್ದ ಪಾನನಿರೋಧವು ಗಡಿಯ ಹಾಡುಗಳಿಗೆ ಹೊಸ ವಸ್ತುವನ್ನು ಒದಗಿಸಿತು. ತೆಕೀಲಾ ಮದ್ಯವನ್ನು ನದಿ ದಾಟಿಸುವವರು ಕೊರ್ರಿದೊಗಳ ನಾಯಕರಾದರು. ಆಗಿನ ಹಾಡುಗಳಲ್ಲಿ ಕಳ್ಳಸಾಗಣೆದಾರನು ಬಹುಮಟ್ಟಿಗೆ ಬಡವ; ಸೆರೆಮನೆಗೆ ಹೋಗುವಾಗ ತಾಯಿಯನ್ನು ನೆನೆಯುವವ, ಇತರರಿಗೆ ಬುದ್ಧಿ ಹೇಳುವವ. ಎಲ್ ಪಾಸೊ ನಗರದಲ್ಲಿ 1931ರಲ್ಲಿ ಧ್ವನಿಮುದ್ರಣಗೊಂಡ 'ಎಲ್ ಪಬ್ಲೋತೆ' ಎಂಬ ಗೀತೆಯನ್ನು ಮಾದಕವಸ್ತು ವ್ಯಾಪಾರಿಯೊಬ್ಬನನ್ನು ಕುರಿತ ಮೊದಲ ಕೊರ್ರಿದೊ ಎಂದು ಹಲವು ವಿದ್ವಾಂಸರು ಗುರುತಿಸುತ್ತಾರೆ. ಇಂತಹ ಗೀತೆಗಳನ್ನು ಮುಂದೆ 'ನಾರ್ಕೊಕೊರ್ರಿದೊ' ಎಂದು ಕರೆಯಲಾಯಿತು.

1974ರಲ್ಲಿ ಲೋಸ್ ತೀಗ್ರೆಸ್ ದೆಲ್ ನೋರ್ತೆ ತಂಡವು ಜನಪ್ರಿಯಗೊಳಿಸಿದ ಗೀತೆಯೊಂದು ಈ ಪ್ರಕಾರವನ್ನು ಉದ್ಯಮವಾಗಿಸಿತು. ಕಾರಿನ ಟೈರುಗಳಲ್ಲಿ ಗಾಂಜಾ ತುಂಬಿಕೊಂಡು ಗಡಿ ದಾಟುವ ಗಂಡು-ಹೆಣ್ಣಿನ ಕಥೆಯದು. ಕೊನೆಯಲ್ಲಿ ಹೆಣ್ಣು ಮೋಸಗಾರ ಪ್ರಿಯಕರನನ್ನು ಕೊಂದು ಹಣದೊಂದಿಗೆ ಮರೆಯಾಗುತ್ತಾಳೆ. ಇಲ್ಲಿನ ಪಾತ್ರಗಳು ಕಾಲ್ಪನಿಕ. ಅದೇ ದಶಕದ ಉತ್ತರಾರ್ಧದಲ್ಲಿ ಸಿನಲೋವಾ, ದುರಾಂಗೊ, ಚಿವಾವಾ ರಾಜ್ಯಗಳ ಬೆಟ್ಟಪ್ರದೇಶದಲ್ಲಿ ಸೇನೆಯು ಅಫೀಮು ಮತ್ತು ಗಾಂಜಾ ಬೆಳೆಯನ್ನು ನಾಶಪಡಿಸುವ ದೊಡ್ಡ ಕಾರ್ಯಾಚರಣೆಯನ್ನು ನಡೆಸಿತು. ಸೇನೆಯ ದೌರ್ಜನ್ಯಕ್ಕೆ ಸಿಕ್ಕ ರೈತಕುಟುಂಬಗಳು ಕುಲಿಯಾಕಾನ್‌ನಂತಹ ನಗರಗಳಿಗೆ ವಲಸೆ ಬಂದವು. ಅಲ್ಲಿನ ಕೆಳವರ್ಗದವರಲ್ಲಿ ಪ್ರಭುತ್ವದ ಬಗ್ಗೆ ಇದ್ದ ಅಪನಂಬಿಕೆಗೆ ಇಂತಹ ನೆನಪುಗಳ ಆಧಾರವಿತ್ತು. ಕುಲಿಯಾಕಾನ್‌ನಲ್ಲಿ ಹೆಸೂಸ್ ಮಲ್ವೆರ್ದೆ ಎಂಬ ದರೋಡೆಕೋರನ ಗುಡಿಗೆ ಜನ ಹರಕೆ ಹೊರುವುದನ್ನೂ ಈ ಹಿನ್ನೆಲೆಯಲ್ಲಿಯೇ ಗ್ರಹಿಸಬೇಕು. ಉಳ್ಳವರಿಂದ ದೋಚಿ ಬಡವರಿಗೆ ಹಂಚಿದವನೆಂದೂ 1909ರಲ್ಲಿ ಗಲ್ಲಿಗೇರಿದವನೆಂದೂ ಐತಿಹ್ಯ ಅವನನ್ನು ವರ್ಣಿಸುತ್ತದೆ. ಅಂತಹವನೊಬ್ಬ ಇದ್ದನೆಂಬುದಕ್ಕೆ ದೃಢವಾದ ಚಾರಿತ್ರಿಕ ಆಧಾರಗಳಿಲ್ಲ. ಚರ್ಚ್ ಮಾನ್ಯ ಮಾಡದ ಈ ಸಂತನಿಗೆ ಕೂಲಿಕಾರರೂ ರೋಗಿಗಳೂ ಕಳ್ಳಸಾಗಣೆದಾರರೂ ಒಂದೇ ಬಗೆಯಲ್ಲಿ ನಡೆದುಕೊಳ್ಳುತ್ತಾರೆ.

ಹಾಡಿಗೆ ಹಣ ಕೊಡುವವರು

1980ರ ದಶಕದ ಕೊನೆಯ ಹೊತ್ತಿಗೆ ನಿರ್ಣಾಯಕವಾದ ಪಲ್ಲಟವೊಂದು ಕಾಣಿಸಿಕೊಂಡಿತು. ಸಿನಲೋವಾದ ಚಲೀನೊ ಸಾಂಚೆಸ್ ಸೆರೆಮನೆಯಲ್ಲಿದ್ದಾಗ ಸಹಕೈದಿಗಳ ಕೋರಿಕೆಯ ಮೇರೆಗೆ ಅವರ ಬದುಕನ್ನು ಕೊರ್ರಿದೊಗಳಾಗಿ ಕಟ್ಟತೊಡಗಿದ. ಹೊರಬಂದ ಮೇಲೆ ಲಾಸ್ ಏಂಜಲೀಸ್‌ನಲ್ಲಿ ಇದೇ ಅವನ ವೃತ್ತಿಯಾಯಿತು. ಹಣ ಕೊಟ್ಟವರ ಹೆಸರು, ಊರು, ಸಾಹಸಗಳು ಹಾಡಾದವು. 1992ರಲ್ಲಿ ಕುಲಿಯಾಕಾನ್‌ನ ಕಾರ್ಯಕ್ರಮವೊಂದರ ನಂತರ ಅವನು ಕೊಲೆಯಾದ. ಹಾಡುಗಾರನ ಸಾವೇ ಹಾಡಿನ ವಸ್ತುವಾಗಿ, ಅವನನ್ನು ಅನುಕರಿಸುವ ಪೀಳಿಗೆಯೊಂದು ಹುಟ್ಟಿಕೊಂಡಿತು.

ಮೇಲ್ನೋಟಕ್ಕೆ ಇಲ್ಲಿ ಹೊಸತೇನೂ ಇಲ್ಲ. ಆಶ್ರಯದಾತನನ್ನು ಹೊಗಳುವ ಹಾಡುಗಾರಿಕೆ ಎಲ್ಲ ದೇಶಗಳಲ್ಲಿಯೂ ಇದೆ. ಆದರೆ ಹೊಗಳಿಕೆಯ ಪದ್ಯವು ತಾನು ಹೊಗಳಿಕೆಯೆಂದು ಒಪ್ಪಿಕೊಳ್ಳುತ್ತದೆ. ನಾರ್ಕೊಕೊರ್ರಿದೊ ಹಾಗಲ್ಲ. ಸಮುದಾಯದ ನೆನಪನ್ನು ಹೇಳುವ ರೂಪವನ್ನೇ ಅದು ಧರಿಸಿರುತ್ತದೆ. ಊರು, ದಿನಾಂಕ, ಬೀಳ್ಕೊಡುಗೆ ಎಲ್ಲವೂ ಹಿಂದಿನಂತೆಯೇ ಇವೆ; ತೀರ್ಪು ಕೊಡುವವರು ಮಾತ್ರ ಬದಲಾಗಿದ್ದಾರೆ. ಬಡವನ ಪರವಾಗಿ ನಿಂತ ರೂಪಕ್ಕೆ ಶತಮಾನದಲ್ಲಿ ಕೂಡಿಬಂದ ವಿಶ್ವಾಸಾರ್ಹತೆಯನ್ನು ಬಲಾಢ್ಯನೊಬ್ಬ ಹಣ ಕೊಟ್ಟು ಪಡೆದುಕೊಳ್ಳುತ್ತಾನೆ.

2006ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ಫೆಲಿಪೆ ಕಾಲ್ದೆರೋನ್ ಕಾರ್ಟೆಲ್‌ಗಳ ವಿರುದ್ಧ ಮಿಚೊಅಕಾನ್ ರಾಜ್ಯಕ್ಕೆ ಸೇನೆಯನ್ನು ಕಳುಹಿಸಿದ ಮೇಲೆ ಹಿಂಸೆ ವ್ಯಾಪಕವಾಯಿತು. ಅದಕ್ಕೆ ಕೆಲವೇ ದಿನಗಳ ಮೊದಲು, ನವೆಂಬರ್‌ನಲ್ಲಿ, ಗಾಯಕ ವಲೆಂತೀನ್ ಎಲಿಸಾಲ್ದೆ ರೆಯ್ನೊಸ ನಗರದಲ್ಲಿ ಕೊಲೆಯಾಗಿದ್ದ. ಅವನು ಅಂದು ಹಾಡಿದ ಗೀತೆಯೊಂದನ್ನು ಎದುರು ಗುಂಪಿಗೆ ಒಡ್ಡಿದ ಸವಾಲೆಂದು ಅರ್ಥೈಸಲಾಗಿತ್ತು. 2013ರ ಜನವರಿಯಲ್ಲಿ ನ್ಯೂವೊ ಲೆಯೋನ್ ರಾಜ್ಯದಲ್ಲಿ ಕೊಂಬೊ ಕೊಲೊಂಬಿಯಾ ತಂಡದ 17 ಜನರನ್ನು ಕೊಂದು ಬಾವಿಗೆ ಎಸೆಯಲಾಯಿತು. 2025ರ ಮೇ ತಿಂಗಳಲ್ಲಿ ರೆಯ್ನೊಸದಲ್ಲಿಯೇ ಮತ್ತೊಂದು ತಂಡದ ಐವರು ಸಂಗೀತಗಾರರು ಕೊಲೆಯಾದರು. ಕೊನೆಯ ಎರಡು ತಂಡಗಳೂ ನಾರ್ಕೊಕೊರ್ರಿದೊಗಳಿಂದ ಹೆಸರಾದವಲ್ಲ. ಕಾರ್ಟೆಲ್‌ಗಳ ಪ್ರಾಬಲ್ಯವಿರುವ ಪ್ರದೇಶದಲ್ಲಿ ಕರೆದಲ್ಲಿಗೆ ಹೋಗಿ ಹಾಡಲೇಬೇಕಾದ ವೃತ್ತಿಕಲಾವಿದನ ಅಸಹಾಯಕತೆಗೆ ಇವು ಸಾಕ್ಷಿ.

ದಂಗೆಯೋ ವ್ಯಾಪಾರವೋ

ಕಾರ್ಟೆಲ್‌ಗಳ ಹಿಂಸೆಯನ್ನು ಸಶಸ್ತ್ರ ದಂಗೆಯೆಂದು ಕರೆಯಬಹುದೇ ಎಂಬ ವಿವಾದ ಹಳೆಯದು. 2010ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಅಂದಿನ ವಿದೇಶಾಂಗ ಕಾರ್ಯದರ್ಶಿ ಹಿಲರಿ ಕ್ಲಿಂಟನ್ ಅದನ್ನು ದಂಗೆಗೆ ಹೋಲಿಸಿದಾಗ ಮೆಕ್ಸಿಕೊ ಪ್ರತಿಭಟಿಸಿತು. ಅಧ್ಯಕ್ಷ ಬರಾಕ್ ಒಬಾಮಾ ಮರುದಿನವೇ ಆ ಹೋಲಿಕೆಯನ್ನು ತಳ್ಳಿಹಾಕಿದರು. 2025ರ ಫೆಬ್ರವರಿಯಲ್ಲಿ ಅಮೆರಿಕವು ಮೆಕ್ಸಿಕೊದ ಆರು ಕಾರ್ಟೆಲ್‌ಗಳನ್ನು ವಿದೇಶಿ ಭಯೋತ್ಪಾದಕ ಸಂಘಟನೆಗಳ ಪಟ್ಟಿಗೆ ಸೇರಿಸಿತು.

ಕ್ರಾಂತಿಕಾರಿಯು ಅಧಿಕಾರವನ್ನು ಹಿಡಿಯಬಯಸುತ್ತಾನೆ. ಕಾರ್ಟೆಲ್‌ಗೆ ಪ್ರಭುತ್ವವನ್ನು ನಡೆಸುವ ಆಸೆಯಿಲ್ಲ. ತನ್ನ ವ್ಯವಹಾರಕ್ಕೆ ಅಡ್ಡಬಾರದ, ಅಗತ್ಯವಿದ್ದಾಗ ಕೊಳ್ಳಬಹುದಾದ ದುರ್ಬಲ ಪ್ರಭುತ್ವ ಅದಕ್ಕೆ ಸಾಕು. ಆದರೂ ಅದು ದಂಗೆಕೋರರ ಹಲವು ಕಾರ್ಯಗಳನ್ನು ನಡೆಸುತ್ತದೆ. ಪ್ರದೇಶವನ್ನು ಹಿಡಿತದಲ್ಲಿಟ್ಟುಕೊಳ್ಳುತ್ತದೆ, ಮಿಚೊಅಕಾನ್‌ನ ಬೆಣ್ಣೆಹಣ್ಣು ಮತ್ತು ನಿಂಬೆ ಬೆಳೆಗಾರರಿಂದ ಸುಲಿಗೆ ವಸೂಲು ಮಾಡುತ್ತದೆ, ಸೇನೆಯನ್ನು ನೇರವಾಗಿ ಎದುರಿಸುತ್ತದೆ. 2019ರ ಅಕ್ಟೋಬರ್ 17ರಂದು ಕುಲಿಯಾಕಾನ್‌ನಲ್ಲಿ ಸೆರೆಹಿಡಿದಿದ್ದ ಓವಿದಿಯೊ ಗುಸ್ಮಾನ್‌ನನ್ನು, ಬಂದೂಕುಧಾರಿಗಳು ನಗರವನ್ನೇ ಸುತ್ತುವರಿದ ಕಾರಣ, ಸರ್ಕಾರ ಬಿಟ್ಟುಕೊಡಬೇಕಾಯಿತು. ಅವನನ್ನು ಮತ್ತೆ ಬಂಧಿಸಿದ್ದು 2023ರ ಜನವರಿಯಲ್ಲಿ. ಈ ಘಟನೆಯೂ ತಡವಿಲ್ಲದೆ ಕೊರ್ರಿದೊಗಳಾಗಿ ಅಂತರ್ಜಾಲದಲ್ಲಿ ಹರಡಿತು. ದಂಗೆಕೋರನಿಗೆ ಸಿದ್ಧಾಂತ ಮಾಡಿಕೊಡುವ ಕೆಲಸವನ್ನು, ಅಂದರೆ ತನ್ನ ಹಿಂಸೆಗೆ ಒಪ್ಪಿಗೆಯನ್ನು ಗಳಿಸುವ ಕೆಲಸವನ್ನು, ಸಿದ್ಧಾಂತವಿಲ್ಲದ ಕಾರ್ಟೆಲ್‌ಗೆ ಹಾಡು ಭಾಗಶಃ ಮಾಡಿಕೊಡುತ್ತದೆ.

ನಿಷೇಧದ ಮಿತಿ

ಹಾಡಿಗೆ ಇಂತಹ ಶಕ್ತಿಯಿರುವುದರಿಂದ ಅದನ್ನು ನಿಷೇಧಿಸುವ ವಿಚಾರ ಸಹಜವಾಗಿಯೇ ಹುಟ್ಟುತ್ತದೆ. 2011ರಲ್ಲಿ ಸಿನಲೋವಾ ಸರ್ಕಾರವು ಮದ್ಯ ಮಾರುವ ಸ್ಥಳಗಳಲ್ಲಿ ನಾರ್ಕೊಕೊರ್ರಿದೊಗಳನ್ನು ನಿಷೇಧಿಸಿತು. 2013ರಲ್ಲಿ ದೇಶದ ಸರ್ವೋಚ್ಚ ನ್ಯಾಯಾಲಯ ಆ ಆದೇಶವನ್ನು ಅಸಿಂಧುಗೊಳಿಸಿತು. 2023ರ ನವೆಂಬರ್‌ನಲ್ಲಿ ತಿಹುವಾನಾ ನಗರ ಇಂತಹುದೇ ನಿಷೇಧವನ್ನು ಜಾರಿಗೆ ತಂದಿತು. 2025ರ ಏಪ್ರಿಲ್‌ನಲ್ಲಿ ತೆಸ್ಕೊಕೊ ಜಾತ್ರೆಯಲ್ಲಿ ಲೂಯಿಸ್ ಆರ್. ಕೊನ್ರೀಕೆಸ್ ನಿರ್ಬಂಧಕ್ಕೆ ಮಣಿದು ಈ ಹಾಡುಗಳನ್ನು ಹಾಡಲು ಒಪ್ಪದಿದ್ದಾಗ ಸಭಿಕರು ವಾದ್ಯಗಳನ್ನು ಒಡೆದುಹಾಕಿದರು. ಅಧ್ಯಕ್ಷೆ ಕ್ಲಾವ್ದಿಯಾ ಶೇನ್‌ಬಾಮ್ ಅವರು ನಿಷೇಧಕ್ಕೆ ಒಲವು ತೋರದೆ, ಹಿಂಸೆಯನ್ನು ವೈಭವೀಕರಿಸದ ಹಾಡುಗಳ ಸ್ಪರ್ಧೆಯನ್ನು ಅದೇ ತಿಂಗಳು ಪ್ರಕಟಿಸಿದರು.

ನಿಷೇಧವು ವೇದಿಕೆಯ ಹಾಡನ್ನು ತಡೆಯಬಲ್ಲದು; ಕಿವಿಗೆ ಸಿಕ್ಕಿಸಿಕೊಂಡ ಫೋನಿನ ಹಾಡನ್ನು ತಡೆಯಲಾರದು. ಅದಕ್ಕಿಂತ ಮುಖ್ಯವಾಗಿ, ಹಣ ತೆತ್ತು ಬರೆಸಿದ ಹಾಡಿಗೂ ಸರ್ಕಾರವೇ ಅಡಗಿಸಿದ ಸತ್ಯವೆಂಬ ಗೌರವವನ್ನು ಅದು ತಂದುಕೊಡುತ್ತದೆ. ಪೊಲೀಸರು ಹಾಗೂ ರಾಜಕಾರಣಿಗಳು ಕಾರ್ಟೆಲ್‌ಗಳೊಂದಿಗೆ ಶಾಮೀಲಾದುದನ್ನು ಹೇಳುವ ಕೊರ್ರಿದೊಗಳೂ ಇವೆ. ನಿಷೇಧದ ಬಲೆಗೆ ಅವೂ ಬೀಳುತ್ತವೆ. ಇನ್ನೊಂದೆಡೆ, ಎಲ್ಲ ನಾರ್ಕೊಕೊರ್ರಿದೊಗಳನ್ನೂ ಜನಪದರ ಪ್ರತಿರೋಧವೆಂದು ಸಮರ್ಥಿಸುವ ವಾದವೂ ಅಷ್ಟೇ ದುರ್ಬಲ. ಹಾಡಿನ ರೂಪವನ್ನಷ್ಟೇ ನೋಡಿ ಹಾಡಿಸಿದವರಾರೆಂದು ಕೇಳದಿರುವುದು ಎರಡೂ ಪಕ್ಷಗಳ ಸಮಾನ ದೋಷ.

ಹಾಡಿನ ಹೊರಗುಳಿದವರು

ಈ ಪ್ರಶ್ನೆಯ ತೂಕವು 2025ರ ಮಾರ್ಚ್ ತಿಂಗಳಲ್ಲಿ ಹಲಿಸ್ಕೊ ರಾಜ್ಯದಲ್ಲಿ ನಡೆದ ಎರಡು ಘಟನೆಗಳಿಂದ ಸ್ಪಷ್ಟವಾಗುತ್ತದೆ. ತಿಂಗಳ ಆರಂಭದಲ್ಲಿ, ನಾಪತ್ತೆಯಾದ ತಮ್ಮವರನ್ನು ಹುಡುಕುವ ಕುಟುಂಬಗಳ ತಂಡವೊಂದು ತೆಯುಚಿತ್ಲಾನ್ ಬಳಿಯ ತೋಟವೊಂದನ್ನು ಪ್ರವೇಶಿಸಿತು. ಅಲ್ಲಿ ಸುಟ್ಟ ಮೂಳೆಗಳ ಚೂರುಗಳೂ ನೂರಾರು ಪಾದರಕ್ಷೆ, ಬಟ್ಟೆ, ಚೀಲಗಳೂ ದೊರೆತವು. ಕಾರ್ಟೆಲ್ ಯುವಕರನ್ನು ಬಲವಂತವಾಗಿ ಸೇರಿಸಿಕೊಂಡು ತರಬೇತಿ ನೀಡುತ್ತಿದ್ದ ತಾಣವದು. ಪಾದರಕ್ಷೆಗಳ ಚಿತ್ರಗಳಲ್ಲಿ ತಮ್ಮ ಮಕ್ಕಳ ಗುರುತನ್ನು ಅರಸುತ್ತ ದೇಶದ ಹಲವೆಡೆಯ ತಾಯಂದಿರು ಕುಳಿತಿದ್ದರು. ಅದೇ ತಿಂಗಳ 29ರಂದು, ಅದೇ ರಾಜ್ಯದ ಸಪೋಪಾನ್‌ನ ಸಭಾಂಗಣದಲ್ಲಿ, ಲೋಸ್ ಅಲೆಗ್ರೆಸ್ ದೆಲ್ ಬರ್ರಾಂಕೊ ತಂಡವು ಹಾಡುವಾಗ ಹಲಿಸ್ಕೊ ಕಾರ್ಟೆಲ್‌ನ ನಾಯಕನ ಚಿತ್ರ ಪರದೆಯ ಮೇಲೆ ಮೂಡಿತು; ಸಭೆ ಹರ್ಷೋದ್ಗಾರ ಮಾಡಿತು. ಅಮೆರಿಕವು ತಂಡದ ಸದಸ್ಯರ ವೀಸಾಗಳನ್ನು ರದ್ದುಗೊಳಿಸಿದ್ದು ಇದರ ಬೆನ್ನಲ್ಲೇ.

ಮೆಕ್ಸಿಕೊ ಸರ್ಕಾರದ ದಾಖಲೆಯಲ್ಲಿ ನಾಪತ್ತೆಯಾದವರ ಸಂಖ್ಯೆ 2022ರ ಮೇ ತಿಂಗಳಿನಲ್ಲಿಯೇ 1 ಲಕ್ಷವನ್ನು ದಾಟಿತ್ತು. ಕೊರ್ರಿದೊದ ಮೂಲಧರ್ಮ ಹೆಸರು, ಊರು, ದಿನವನ್ನು ಹೇಳಿ ಸತ್ತವನನ್ನು ಮರೆವಿನಿಂದ ಕಾಯುವುದು. ಇಂದು ಆ ಧರ್ಮವನ್ನು ನಡೆಸುತ್ತಿರುವವರು ಬಹುಮಟ್ಟಿಗೆ ಈ ತಾಯಂದಿರು. ಸಲಿಕೆ ಹಿಡಿದು ಬಯಲುಗಳಲ್ಲಿ ಅಗೆಯುವಾಗ, ಬೀದಿಗಳಲ್ಲಿ ಭಾವಚಿತ್ರಗಳನ್ನು ಅಂಟಿಸುವಾಗ ಅವರು ಹೇಳುವುದು ಹೆಸರು, ಊರು, ಕಾಣೆಯಾದ ದಿನ ಇವನ್ನೇ. ಜಾನಪದ ವಿದ್ವಾಂಸರು ದಾಖಲಿಸಬೇಕಾದ ಪಠ್ಯಗಳಲ್ಲಿ ಇವೂ ಸೇರಬೇಕು. ಪ್ರಭುತ್ವದ ಭದ್ರತೆಯನ್ನು ಹಾಡು ಕೆಡಿಸುತ್ತದೆಯೇ ಎಂಬ ಪ್ರಶ್ನೆಯ ಜೊತೆಗೆ, ಯಾರ ಸಾವು ಹಾಡಾಗುತ್ತದೆ ಮತ್ತು ಯಾರದು ಆಗುವುದಿಲ್ಲ ಎಂಬುದನ್ನು ಕೇಳಿದಾಗ ಮಾತ್ರ ಕಥನಗೀತೆಯ ಅಧ್ಯಯನ ಪೂರ್ಣವಾಗುತ್ತದೆ.